ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್: ಯಾವುದನ್ನು ನೆಟ್‌ಗೆ ಹಾಕಬಹುದು, ಯಾವುದನ್ನು ಹಾಕಬಾರದು?

ಓದುಗೂಡು:
ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ 1930ರಿಂದ 1965ರ ನಡುವೆ ಅಚ್ಚಾದ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕೋಣ ಅಂತ. ಅಚ್ಚಾಗಿ 60 ವರ್ಷ ಕಳೆದರೆ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು ಮುಗೀತು ಅಂತ ಒಬ್ಬರು ಹೇಳ್ತಾರೆ, ಪ್ರಕಾಶಕರ ಅನುಮತಿ ಇಲ್ಲದೆ ಮುಟ್ಟಲೇಬಾರದು ಅಂತ ಇನ್ನೊಬ್ಬರು. ಆ ಪ್ರಕಾಶಕರಲ್ಲಿ ಹೆಚ್ಚಿನವರು ಅಂಗಡಿ ಮುಚ್ಚಿ ದಶಕಗಳೇ ಆಗಿವೆ. ಯಾವುದು ಸರಿ?

ಕರಡುತಿದ್ದು:
ಎರಡೂ ತಪ್ಪು. ಎಣಿಕೆ ಶುರುವಾಗುವುದು ಲೇಖಕರು ತೀರಿಕೊಂಡ ವರ್ಷದಿಂದ, ಅಚ್ಚಾದ ವರ್ಷದಿಂದ ಅಲ್ಲ. ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಕೃತಿಗಳು 2024ರ ಜನವರಿ 1ಕ್ಕೆ ಮುಕ್ತವಾದವು. ಅನಕೃ 1971, ಅಂದರೆ 2032ರವರೆಗೆ ಕಾಯಬೇಕು. ಡಿವಿಜಿ 2036, ಬೇಂದ್ರೆ 2042, ಕುವೆಂಪು 2055. ಕೈಲಾಸಂ, ಬಿಎಂಶ್ರೀ ಇಬ್ಬರೂ 1946ರಲ್ಲೇ ಹೋದವರು, ಅವರದು 2007ಕ್ಕೇ ಮುಗಿದಿದೆ.

ಮೊದಲು ಅವಧಿ 50 ವರ್ಷವಿತ್ತು. ಟಾಗೋರರ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು, ಆಗ ಅದನ್ನು 60ಕ್ಕೆ ಏರಿಸಿದರು. ಒಬ್ಬ ಕವಿಯ ನೆಪದಲ್ಲಿ ಇಡೀ ದೇಶದ ಪುಸ್ತಕಗಳಿಗೆ ಇನ್ನೂ ಹತ್ತು ವರ್ಷ ಬೀಗ ಹಾಕಿದ್ದು ಒಳ್ಳೆಯ ಕಾನೂನು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ಅಷ್ಟರಲ್ಲೇ ಮುಗಿದಿದ್ದ ಹಕ್ಕಿಗೆ ಮತ್ತೆ ಜೀವ ಬರಲಿಲ್ಲ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಕೃತಿಗಳಿಗೆ ಈ ಏರಿಕೆ ತಗಲಲೇ ಇಲ್ಲ.

ಅಚ್ಚಾದ ವರ್ಷ ಲೆಕ್ಕಕ್ಕೆ ಬರುವುದು ಕೆಲವು ಕಡೆ ಮಾತ್ರ: ಬರೆದವರು ಯಾರೆಂದೇ ಗೊತ್ತಿಲ್ಲದ ಕೃತಿ, ಸರ್ಕಾರದ ಪ್ರಕಟಣೆ, ಲೇಖಕರು ಸತ್ತ ಮೇಲೆ ಮೊದಲ ಸಲ ಅಚ್ಚಾದದ್ದು. ಕೊನೆಯದರಲ್ಲಿ ನಾಟಕಗಳಿಗೆ ಒಂದು ವಿನಾಯಿತಿ ಇದೆ. ಲೇಖಕರು ಬದುಕಿದ್ದಾಗಲೇ ರಂಗದ ಮೇಲೆ ಆಡಿದ್ದರೆ ಅದನ್ನೇ ಪ್ರಕಟಣೆ ಅಂತ ಕಾನೂನು ಒಪ್ಪುತ್ತದೆ. ಇನ್ನು ಕಾವ್ಯನಾಮ ಕಂಡ ತಕ್ಷಣ ಅನಾಮಿಕ ಕೃತಿ ಅಂತ ಬರೆದುಕೊಳ್ಳಬೇಡಿ. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತಿದ್ದರೆ ಮತ್ತೆ ಅವರ ಸಾವಿನ ವರ್ಷದಿಂದಲೇ ಲೆಕ್ಕ.

ಅಚ್ಚುಮೊಳೆ:
ಮೇಲಿನದು ಸರಿ. ಆದರೆ ಒಂದೇ ರಟ್ಟಿನೊಳಗೆ ಮೂರ್ನಾಲ್ಕು ಜನರ ಹಕ್ಕು ಇರುತ್ತದೆ, ಎಲ್ಲರೂ ಎಡವುವುದು ಅಲ್ಲೇ. ಮುನ್ನುಡಿ ಬರೆದವರು ಬೇರೆ, ಒಳಚಿತ್ರ ಬಿಡಿಸಿದವರು ಬೇರೆ, ಟಿಪ್ಪಣಿ ಕೊಟ್ಟ ಸಂಪಾದಕರು ಬೇರೆ. ಪ್ರತಿಯೊಬ್ಬರಿಗೂ ಅವರವರ 60 ವರ್ಷ. ಕುಮಾರವ್ಯಾಸನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ, 20ನೇ ಶತಮಾನದ ವಿದ್ವಾಂಸರು ಅದಕ್ಕೆ ಬರೆದ ಪೀಠಿಕೆಗೆ ಬೇಕಾಗಬಹುದು. ಅಂಥ ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡು ಅಪ್‌ಲೋಡ್ ಮಾಡುವ ಪ್ರತಿಯಿಂದ ಮಾತ್ರ ತೆಗೆಯಿರಿ.

ಅನುವಾದವಾದರೆ ಮೂಲ ಲೇಖಕ, ಅನುವಾದಕ ಇಬ್ಬರದ್ದನ್ನೂ ನೋಡಬೇಕು. ಬಂಕಿಮರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ವಿಷಯದಲ್ಲಿ ತೊಂದರೆ ಇಲ್ಲ: ಬಂಕಿಮರು ತೀರಿಕೊಂಡದ್ದು 1894ರಲ್ಲಿ, ಆಚಾರ್ಯರು 1914ರಲ್ಲಿ. ಇಬ್ಬರು ಸೇರಿ ಬರೆದದ್ದಾದರೆ ಕೊನೆಯಲ್ಲಿ ತೀರಿಕೊಂಡವರ ವರ್ಷ ಹಿಡಿಯಬೇಕು.

ಪ್ರಕಾಶಕರ ಪ್ರಶ್ನೆಗೆ ಬರೋಣ. ಲೇಖಕರ ಹಕ್ಕು ಮುಗಿದ ಪಠ್ಯವನ್ನು ಯಾರೋ ಹೊಸದಾಗಿ ಅಚ್ಚು ಹಾಕಿ "ಎಲ್ಲ ಹಕ್ಕು ಕಾದಿರಿಸಿದೆ" ಅಂತ ಹಾಕಿದರೆ ಪಠ್ಯದ ಮೇಲೆ ಅವರಿಗೆ ಏನೂ ದಕ್ಕುವುದಿಲ್ಲ. ಇಂಗ್ಲೆಂಡಿನಲ್ಲಿ ಪುಟವಿನ್ಯಾಸಕ್ಕೇ 25 ವರ್ಷದ ಹಕ್ಕುಂಟು, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅದಿಲ್ಲ. ಹೊಸ ಮುಖಪುಟದ ಚಿತ್ರ ಮಾತ್ರ ಬಿಡಿ.

ಸಂಜೆಸುದ್ದಿ:
ಇಷ್ಟೆಲ್ಲ ತಲೆಬಿಸಿ ಯಾಕೆ? ಎಲ್ಲ ಹಾಕಿ, ಯಾರಾದರೂ ತಕರಾರು ತೆಗೆದರೆ ಡಿಲೀಟ್ ಮಾಡಿದರಾಯ್ತು. ಎಲ್ಲರೂ ಮಾಡುವುದು ಅದನ್ನೇ.

ಕರಡುತಿದ್ದು:
@ಸಂಜೆಸುದ್ದಿ, ದೂರು ಬಂದ ಮೇಲೆ ತೆಗೆದರೆ ಸಾಕು ಅನ್ನುವ ರಕ್ಷಣೆ ಇರುವುದು ಜಾಲತಾಣ ನಡೆಸುವವರಿಗೆ. ಅಪ್‌ಲೋಡ್ ಮಾಡಿದವರಿಗೆ ಅದು ಸಿಗುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ ಅದೇ ಕಾಯ್ದೆಯ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೆ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಡಿಮೆ ಮಾಡಬಹುದು, ಆದರೆ ಗ್ರಂಥಪಾಲಕರ ನೌಕರಿ ಇಟ್ಟು ಆಡುವ ಜೂಜಲ್ಲ ಇದು.

ಹಕ್ಕು ಮುಗಿಯದ ಪುಸ್ತಕಕ್ಕೂ ದಾರಿ ಇದೆ. 2012ರ ತಿದ್ದುಪಡಿಯ ನಂತರ ಕಲಮು 52(1)(ಎನ್) ಪ್ರಕಾರ ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಕಾಗದದ ಪ್ರತಿ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯದ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಕೊಳ್ಳಬಹುದು. ಎರಡೂ ಗ್ರಂಥಾಲಯದೊಳಗಿನ ಮಾತು. ನೆಟ್‌ಗೆ ಹಾಕಲು ಇವು ಪರವಾನಗಿ ಅಲ್ಲ. ಆದರೆ ಹಾಳೆ ಪುಡಿಯಾಗುತ್ತಿರುವಾಗ ಇವತ್ತೇ ಸ್ಕ್ಯಾನ್ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಇಡಲು ಇಷ್ಟು ಸಾಕು. 2032ಕ್ಕೋ 2036ಕ್ಕೋ ತೆರೆದರಾಯಿತು.

ಓದುಗೂಡು:
ಧನ್ಯವಾದ. ಕೆಲವು ಲೇಖಕರ ಮಕ್ಕಳು ಮೈಸೂರಿನಲ್ಲೇ ಇದ್ದಾರೆ. ಅವರು ಬಾಯಲ್ಲಿ ಒಪ್ಪಿದರೆ ಆಗುತ್ತದಾ?

ಅಚ್ಚುಮೊಳೆ:
ಆಗದು. ಬರಹದಲ್ಲೇ ಬೇಕು, ವಾರಸುದಾರರು ನಾಲ್ವರಿದ್ದರೆ ನಾಲ್ವರ ಸಹಿಯೂ ಬೇಕು. ಹಿರಿಮಗ ಒಪ್ಪಿದ ಮೇಲೆ ತಂಗಿ ತಕರಾರು ತೆಗೆದರೆ ಎಲ್ಲ ವಾಪಸ್. "ಅಪ್ಪನ ಎಲ್ಲ ಕೃತಿಗಳು" ಅಂತ ಬರೆಸಿಕೊಳ್ಳಬೇಡಿ, ಒಂದೊಂದರ ಹೆಸರು, ಮೊದಲ ಮುದ್ರಣದ ವರ್ಷ, ಲೈಸೆನ್ಸಿನ ಪೂರ್ತಿ ಹೆಸರು ಮತ್ತು ಆವೃತ್ತಿ ಸಂಖ್ಯೆ ಇರಲಿ. ಲೇಖಕರು ಹಿಂದೆ ಯಾರಿಗಾದರೂ ಹಕ್ಕು ಬರೆದುಕೊಟ್ಟಿದ್ದರಾ ಅಂತಲೂ ಕೇಳಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ "ಹಕ್ಕುಗಳು ಗ್ರಂಥಕರ್ತರವು" ಅಂತಿದ್ದರೆ ಅರ್ಧ ಕೆಲಸ ಹಗುರ. ನಿರಂಜನರ ಕುಟುಂಬದವರು 2014ರಲ್ಲಿ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ (ಎಲ್ಲರೂ ಹಂಚಿಕೊಳ್ಳಲು ಅನುಮತಿ ಕೊಡುವ ಲೈಸೆನ್ಸ್) ಅಡಿ ಬಿಡುಗಡೆ ಮಾಡಿದ್ದು ಕನ್ನಡದಲ್ಲಿ ಒಳ್ಳೆಯ ಮಾದರಿ.

ವಾರಸುದಾರರೇ ಸಿಗದಿದ್ದರೆ 31ಎ ಕಲಮಿನಡಿ ಲೈಸೆನ್ಸ್ ಕೇಳಬಹುದು, ಅದಕ್ಕೂ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಹಿಂದೆ ಅರ್ಜಿ ಹೋಗುತ್ತಿದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿ ಈಗ ವಾಣಿಜ್ಯ ನ್ಯಾಯಾಲಯದ ಬಾಗಿಲು ತಟ್ಟಬೇಕು. ಐದು ರೂಪಾಯಿ ಬೆಲೆಯ ಕಾದಂಬರಿಗೆ ವಕೀಲರನ್ನು ಇಡುವವರು ಯಾರು? ತಮಿಳುನಾಡು ಸರ್ಕಾರ ವಾರಸುದಾರರಿಗೆ ಪರಿಹಾರ ಕೊಟ್ಟು ಸಾಹಿತಿಗಳ ಕೃತಿಗಳನ್ನು ರಾಷ್ಟ್ರೀಕರಣ ಮಾಡುತ್ತದೆ, ನಮ್ಮ ಸರ್ಕಾರವೂ ಹಾಗೆ ಮಾಡಬೇಕು ಅನ್ನುವುದು ನನ್ನ ವಾದ.

ಒತ್ತಕ್ಷರ:
ತಡವಾಗಿ ನೋಡಿದೆ. ಒಂದು ಎಚ್ಚರಿಕೆ: ವಿಕಿಪೀಡಿಯದ ಬಳಗದ ಕಡತ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಅಮೆರಿಕದ ಕಾನೂನೂ ಒಪ್ಪಬೇಕು. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಪುಸ್ತಕಕ್ಕೆ ಅಲ್ಲಿ ಪ್ರಕಟಣೆಯಿಂದ 95 ವರ್ಷ. 1955ರಲ್ಲಿ ಅಚ್ಚಾದ ತ್ರಿವೇಣಿಯವರ ಕಾದಂಬರಿ ಇಲ್ಲಿ ಮುಕ್ತ, ಅಲ್ಲಿ 2050ರ ಕೊನೆಯವರೆಗೆ ಇಲ್ಲ. ಇಂಟರ್ನೆಟ್ ಆರ್ಕೈವ್ ಸರ್ವರ್‌ಗಳೂ ಅಮೆರಿಕದಲ್ಲೇ ಇವೆ, ಮರೆಯಬೇಡಿ.

ಸ್ಕ್ಯಾನ್ 400 ಡಿಪಿಐ, ಗ್ರೇಸ್ಕೇಲ್. ಬರೀ ಕಪ್ಪು-ಬಿಳುಪಿಗೆ ಹೋದರೆ ಮೊಳೆ ಅಚ್ಚಿನ ತೆಳು ಒತ್ತಕ್ಷರಗಳು ಮಾಯವಾಗುತ್ತವೆ, ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) "ಪ್ಪ"ವನ್ನು "ಪ" ಅಂತ ಓದುತ್ತದೆ. ಸೊನ್ನೆಯೂ ಅನುಸ್ವಾರವೂ ಅದಲುಬದಲಾಗುತ್ತವೆ, ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶದ ಕೆಲಸ ಮುಗಿದ ಮೇಲೆ ಅದನ್ನು ಬೇರೆಯಾಗಿ ಹುಡುಕಿ ತಿದ್ದಿ. ಹಳದಿಯಾದ ಹಾಳೆಯನ್ನು 180 ಡಿಗ್ರಿ ಬಿಡಿಸಿ ಗಾಜಿನ ಕೆಳಗೆ ಒತ್ತಬೇಡಿ, ಬೆನ್ನು ಮುರಿಯುತ್ತದೆ. ವಿ ಆಕಾರದ ತೊಟ್ಟಿಲಿನಲ್ಲಿಟ್ಟು ಮೇಲಿಂದ ಕ್ಯಾಮೆರಾ ಸಾಕು. ಶೀರ್ಷಿಕೆ ಪುಟದ ಹಿಂಬದಿಯನ್ನು ಯಾವ ಪುಸ್ತಕದಲ್ಲೂ ಬಿಡಬೇಡಿ, ನಾಳೆ ಯಾರಾದರೂ ಕೇಳಿದರೆ ಮುದ್ರಣದ ವರ್ಷಕ್ಕೂ ಹಕ್ಕಿನ ಸಾಲಿಗೂ ಅದೇ ಪುರಾವೆ.