ಪದಚರ್ಚೆ: ಹಳೆಯ ಜೈಲಿಗೆ ‘ಜೀರ್ಣೋದ್ಧಾರ’ ಎನ್ನಬಹುದೇ? ಸೆಲ್, ವಿಂಗ್, ಅಗುಳಿ, ರೆಪ್ಲಿಕಾ ಇತ್ಯಾದಿ

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ.

ಅಂಡಮಾನಿನ ಸೆಲ್ಯುಲರ್ ಜೈಲು ನೋಡಲು ಹೋಗುವ ಕನ್ನಡಿಗರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಹಳೆಯ ಜೈಲುಗಳನ್ನು ಉಳಿಸಿಕೊಂಡು, ಕೋಣೆಗಳಲ್ಲಿ ಸಾಮಾನು ಇಟ್ಟು ಜನರಿಗೆ ತೋರಿಸುವ ಕೆಲಸದ ಬಗ್ಗೆಯೂ ಅದರಲ್ಲಿ ಒಂದು ಅಧ್ಯಾಯವಿದೆ. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ಸೆಲ್ ಎಂಬುದಕ್ಕೆ ಕೋಶ, ಗೂಡು, ಕೊಠಡಿ ಇವುಗಳಲ್ಲಿ ಯಾವುದು? ವಿಂಗ್ ಎಂದರೆ ರೆಕ್ಕೆಯೇ? ಒಬ್ಬನನ್ನೇ ಕೂಡಿಹಾಕುವ ಶಿಕ್ಷೆಗೆ ‘ಏಕಾಂತವಾಸ’ ಸರಿಯೇ? ರೆಸ್ಟೊರೇಶನ್ ಎಂದರೆ ಜೀರ್ಣೋದ್ಧಾರ ತಾನೇ? ಫರ್ನಿಶ್ಡ್ ಸೆಲ್, ರೆಪ್ಲಿಕಾ ಇವಕ್ಕೇನು ಹೇಳೋಣ? ಬಾಗಿಲಿನ ಉದ್ದನೆಯ ಕಬ್ಬಿಣದ ಬೋಲ್ಟಿಗೆ ಚಿಲಕವೋ ಅಗುಳಿಯೋ? ಕೊನೆಯದಾಗಿ, ಕೈದಿಯೋ ಖೈದಿಯೋ?

ನಿಘಂಟಿನ ಅರ್ಥ ನನ್ನ ಬಳಿ ಇದೆ. ಕೆಲಸ ಮಾಡುವವರು ಏನು ಹೇಳುತ್ತಾರೆ ಎಂಬುದು ಬೇಕು.

ಉತ್ತರ 1

ಸರ್, ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಪದ ‘ಜೀರ್ಣೋದ್ಧಾರ’. ಮಿಕ್ಕವನ್ನು ಬೇರೆಯವರು ನೋಡಿಕೊಳ್ಳಲಿ, ನಾನು ಇದೊಂದನ್ನು ಹಿಡಿಯುತ್ತೇನೆ.

ಅದು ದೇವಸ್ಥಾನದ ಮಾತು. ಸವೆದದ್ದನ್ನು ತೆಗೆದು ಹೊಸತು ಮಾಡುವುದು ಅಲ್ಲಿ ಪುಣ್ಯದ ಕೆಲಸ. ಅದೇ ಮಾತು ಜೈಲಿನ ಎಸ್ಟಿಮೇಟಿನಲ್ಲಿ ಬಂದರೆ ಮೇಸ್ತ್ರಿ ಓದಿಕೊಳ್ಳುವುದೇ ಬೇರೆ: ಹಳೆಯ ಗಾರೆ ಕೆತ್ತು, ಸಿಮೆಂಟ್ ಮೆತ್ತು, ಪ್ಲಾಸ್ಟಿಕ್ ಎಮಲ್ಷನ್ ಹೊಡಿ, ತುಕ್ಕು ಹಿಡಿದ ಸರಳು ಕಿತ್ತು ಹೊಸದು ಹಾಕು. ಅವನ ತಪ್ಪೇನಿಲ್ಲ, ಕಾಗದದಲ್ಲಿ ಇದ್ದದ್ದನ್ನೇ ಮಾಡಿದ.

ಈ ಕ್ಷೇತ್ರದಲ್ಲಿ ಬೇರೆಬೇರೆಯಾಗಿ ಹೇಳಬೇಕಾದ ಕೆಲಸಗಳಿವೆ. ‘ಸಂರಕ್ಷಣೆ’ ಎಲ್ಲಕ್ಕೂ ಹೊದಿಕೆಯ ಹೆಸರು. ಬೀಳುತ್ತಿರುವುದನ್ನು ಬೀಳದಂತೆ ಹಿಡಿದು, ಹಾಳಾದದ್ದನ್ನು ಹಾಳಾದ ಹಾಗೆಯೇ ತೋರಿಸುವುದು ಒಂದು ಬಗೆ. ಇದಕ್ಕೆ ‘ಸ್ಥಿರೀಕರಣ’ ಎಂದು ಬರೆಯುತ್ತಾರೆ, ಸೈಟಿನಲ್ಲಿ ‘ಇದ್ದ ಹಾಗೇ ನಿಲ್ಲಿಸೋದು’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಗೊತ್ತಾದ ಕಾಲದ ಸ್ಥಿತಿಗೆ ಮರಳಿಸುವುದು ‘ಪೂರ್ವಸ್ಥಿತಿಗೆ ತರುವುದು’. ರೆಸ್ಟೊರೇಶನ್‌ಗೆ ಇದೇ ಸರಿ. ಇಲ್ಲದ್ದನ್ನು ಹೊಸದಾಗಿ ಕಟ್ಟಿದರೆ ‘ಮರುನಿರ್ಮಾಣ’.

ಸ್ಥಿರೀಕರಣ, ಪೂರ್ವಸ್ಥಿತಿಗೆ ತರುವುದು ಇವೆರಡೂ ಒಂದೇ ಆವರಣದಲ್ಲಿ ಹೇಗಿರುತ್ತವೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಶಿಯರಿ ಒಳ್ಳೆಯ ಉದಾಹರಣೆ. 1829ರಲ್ಲಿ ತೆರೆದ ಈ ಜೈಲು 1971ರಲ್ಲಿ ಮುಚ್ಚಿತು. ಆಮೇಲೆ ವರ್ಷಗಟ್ಟಲೆ ಪಾಳುಬಿದ್ದು ಒಳಗೆಲ್ಲ ಮರ ಬೆಳೆದವು. 1994ರಲ್ಲಿ ಜನರಿಗೆ ದಿನವಹಿ ತೆರೆದಾಗ ಅದನ್ನು ಹೊಸದು ಮಾಡಲಿಲ್ಲ, ಪಾಳನ್ನೇ ಸ್ಥಿರೀಕರಿಸಿದರು. ಆರಂಭದಲ್ಲಿ ನೋಡುಗರಿಗೆ ಹೆಲ್ಮೆಟ್ ಕೊಟ್ಟು ಒಳಗೆ ಬಿಡುತ್ತಿದ್ದರು. ಕ್ಷೌರದ ಕುರ್ಚಿ ಈಗಲೂ ಉದುರಿದ ಗಾರೆಯ ನಡುವೆ ತುಕ್ಕು ಹಿಡಿದು ನಿಂತಿದೆ. ಅದೇ ಆವರಣದ ಯಹೂದಿ ಪ್ರಾರ್ಥನಾ ಕೋಣೆಯನ್ನು ಮಾತ್ರ 2009ರ ಹೊತ್ತಿಗೆ ಪೂರ್ವಸ್ಥಿತಿಗೆ ತಂದರು. ಕನ್ನಡದಲ್ಲಿ ಇವೆರಡನ್ನೂ ಜೀರ್ಣೋದ್ಧಾರ ಎಂದುಬಿಟ್ಟರೆ ಓದುಗನಿಗೆ ಏನೂ ತಿಳಿದಂತಾಗುವುದಿಲ್ಲ.

ಎಲ್ಲಿಯವರೆಗೆ ಮರಳಿಸಬಹುದು ಎಂಬುದಕ್ಕೂ ಗೆರೆಯಿದೆ. ಸ್ಮಾರಕಗಳ ಸಂರಕ್ಷಣೆಗೆಂದು ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು ಹೇಳುವಂತೆ, ಊಹೆ ಶುರುವಾಗುವಲ್ಲಿ ಕೆಲಸ ನಿಲ್ಲಬೇಕು. ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಹೊಸದೆಂದು ಗುರುತು ಸಿಗಬೇಕು.

ಈಗ ಗೋಡೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಕೈಪಿಡಿಯಲ್ಲಿ ‘ದುರಸ್ತಿ’ ಎಂಬ ಮಾತಿನ ಕೆಳಗೆ ಏನಿದೆ ಎಂದು ಗೊತ್ತಿರಬೇಕು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ ತೇವವನ್ನು ಒಳಗೆ ತೆಗೆದುಕೊಂಡು ಸಂದುಗಳಿಂದ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ಕಡಲಿನ ಪಕ್ಕದಲ್ಲಂತೂ ತೇವದ ಜೊತೆ ಉಪ್ಪೂ ಇರುತ್ತದೆ. ನೀರು ಆರಿದಾಗ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಹಕ್ಕಳೆ ಎಬ್ಬಿಸಿ ತಳ್ಳುತ್ತದೆ. ಹೊರಗಿನಿಂದ ನೋಡಿದರೆ ಸಿಮೆಂಟ್ ನೆಟ್ಟಗಿರುತ್ತದೆ, ತಟ್ಟಿದರೆ ಟೊಳ್ಳು ಸದ್ದು. ಅದನ್ನು ತೆಗೆಯುವಾಗ ಇಟ್ಟಿಗೆಯ ಮುಖವೂ ಕಿತ್ತು ಬರುವಂತಿದ್ದರೆ ಬಿಟ್ಟುಬಿಡುವುದೇ ವಾಸಿ.

ಸಂದು ತುಂಬುವ ಕ್ರಮ ಹೀಗೆ. ಸಡಿಲವಾದ ಗಾರೆಯನ್ನು ಕೈಯುಳಿಯಿಂದ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆಯಬೇಕು. ಕಟಿಂಗ್ ಮೆಷಿನ್ ಇಟ್ಟರೆ ಇಟ್ಟಿಗೆಯ ಅಂಚು ಹೋಗುತ್ತದೆ. ದೂಳು ತೆಗೆದು ಗೋಡೆ ತೋಯಿಸಿ, ಅರಳಿಸಿದ ಸುಣ್ಣ 1, ಮರಳು 3ರ ಗಾರೆಯನ್ನು ಒಂದೇ ಸಲಕ್ಕೆ ತುರುಕದೆ ಪದರಪದರವಾಗಿ ಒತ್ತಬೇಕು. ತೇವ ಹೆಚ್ಚಿರುವ ಕಡೆ ಮರಳಿನ ಒಂದು ಪಾಲಿಗೆ ಬದಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸೇರಿಸುತ್ತಾರೆ. ಆಮೇಲೆ ಒದ್ದೆ ಗೋಣಿ ಹೊದಿಸಿ ಕನಿಷ್ಠ ಒಂದು ವಾರ ಒಣಗದಂತೆ ನೋಡಿಕೊಳ್ಳಬೇಕು. ಬಿಸಿಲಿಗೆ ಬೇಗ ಒಣಗಿದ ಸುಣ್ಣದ ಗಾರೆ ಪುಡಿಯಾಗಿ ಉದುರುತ್ತದೆ. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ, ಗೋಣಿ ನೆನೆಸುವವರಿಲ್ಲದೆ.

ಗೋಡೆಯೊಳಗಿನ ಉಪ್ಪನ್ನು ಎಳೆಯಲು ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ಕಲಸಿ ಗೋಡೆಗೆ ಮೆತ್ತುತ್ತಾರೆ. ಒಣಗಿದ ಮೇಲೆ ಅದು ಉಪ್ಪಿನ ಸಮೇತ ಬಿಟ್ಟು ಬರುತ್ತದೆ. ಗಾಯಕ್ಕೆ ಔಷಧಿಯ ‘ಪಟ್ಟು’ ಹಾಕುತ್ತೇವಲ್ಲ, ಅದೇ ಪದ ಇಲ್ಲಿಗೂ ಸಲ್ಲುತ್ತದೆ. ‘ಲೇಪನ’ ಎಂದು ಬರೆಯಬೇಡಿ, ಬಳಿದು ಹಾಗೇ ಬಿಡುವುದು ಎಂದಾಗುತ್ತದೆ.

ಇನ್ನೊಂದು ಮಾತು. ‘ಗೋಡೆ ಶುಚಿಗೊಳಿಸುವುದು’ ಎಂಬ ಸಾಲು ಜೈಲಿನ ಎಸ್ಟಿಮೇಟಿನಲ್ಲಿ ಇರಲೇಬಾರದು. ಕೈದಿಗಳು ಉಗುರಿನಿಂದಲೋ ಮೊಳೆಯಿಂದಲೋ ಗೀರಿದ ಹೆಸರು, ದಿನದ ಲೆಕ್ಕ ಎಲ್ಲ ಇರುವುದು ಸುಣ್ಣದ ಪದರಗಳ ನಡುವೆ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಓರೆ ಬೆಳಕು ಬಿಟ್ಟರೆ ಗೀರು ಎದ್ದು ಕಾಣುತ್ತದೆ. ಮೊದಲು ಹಾಗೆ ನೋಡಿ, ಫೋಟೊ ತೆಗೆದು, ನಕ್ಷೆಯಲ್ಲಿ ಗುರುತು ಹಾಕಿ, ಆಮೇಲೆ ಬ್ರಶ್ ಮುಟ್ಟಬೇಕು.

ಉತ್ತರ 2

ನಮಸ್ಕಾರ. ಮೇಲಿನವರು ಗೋಡೆ ನೋಡಿಕೊಂಡರು, ನಾನು ಕೋಣೆಯೊಳಗೆ ಹೋಗುತ್ತೇನೆ.

ಸೆಲ್‌ಗೆ ‘ಕೋಶ’ ಬೇಡ, ಅದು ಜೀವಶಾಸ್ತ್ರದವರ ಆಸ್ತಿ. ‘ಒಂಟಿಕೋಣೆ’ ಎನ್ನಿ. ಸೆಲ್ಯುಲರ್ ಜೈಲಿಗೆ ಆ ಹೆಸರು ಬಂದದ್ದೇ ಹಲವರು ಒಟ್ಟಿಗೆ ಮಲಗುವ ಬ್ಯಾರಕ್ ಇಲ್ಲದೆ ಬರೀ ಒಂಟಿಕೋಣೆಗಳಿದ್ದುದರಿಂದ. 1896ರಿಂದ 1906ರವರೆಗೆ ಕಟ್ಟಿದ್ದು, ಕಾವಲು ಗೋಪುರದಿಂದ ಗಾಡಿಚಕ್ರದ ಕಡ್ಡಿಗಳ ಹಾಗೆ ಹೊರಟ ಏಳು ಭಾಗಗಳು, ಮೂರು ಅಂತಸ್ತು, 690ಕ್ಕೂ ಮಿಕ್ಕ ಕೋಣೆಗಳು. ಒಂದೊಂದೂ ಸುಮಾರು 4.5 ಮೀಟರ್ ಉದ್ದ, 2.7 ಮೀಟರ್ ಅಗಲ, ಗಾಳಿಕಿಂಡಿ ಇರುವುದು ಮೂರು ಮೀಟರ್ ಎತ್ತರದಲ್ಲಿ. ಅದನ್ನು ಗವಾಕ್ಷಿ ಎಂದು ಬರೆದು ಅರಮನೆ ಮಾಡಬೇಡಿ.

ವಿಂಗ್‌ಗೆ ‘ರೆಕ್ಕೆ’ ಎಂದರೆ ನಗೆಪಾಟಲು. ‘ಸಾಲು’ ಸಾಕು: ಮೊದಲ ಸಾಲು, ಆರನೆಯ ಸಾಲು. ಒಂದು ಸಾಲಿನ ಮುಂಬದಿ ಇನ್ನೊಂದು ಸಾಲಿನ ಹಿಂಬದಿಯನ್ನು ನೋಡುವಂತೆ ಕಟ್ಟಿದ್ದರಿಂದ ಕೈದಿಗೆ ಎದುರು ಕೈದಿಯ ಮುಖ ಕಾಣುತ್ತಿರಲಿಲ್ಲ. ಈ ವಾಕ್ಯದಲ್ಲಿ ‘ಸಾಲು’ ಹಾಕಿ ನೋಡಿ, ಎಲ್ಲೂ ತಡೆಯುವುದಿಲ್ಲ. ಏಳರಲ್ಲಿ ಈಗ ಉಳಿದಿರುವುದು ಮೂರು ಸಾಲು ಮತ್ತು ನಡುವಿನ ಗೋಪುರ. ಆ ಸ್ಥಿತಿಯಲ್ಲೇ 1979ರ ಫೆಬ್ರುವರಿ 11ರಂದು ಅದನ್ನು ರಾಷ್ಟ್ರೀಯ ಸ್ಮಾರಕವಾಗಿ ಅರ್ಪಿಸಿದರು.

‘ಏಕಾಂತ’ ನಮ್ಮಲ್ಲಿ ಬೇಕೆಂದು ಹುಡುಕಿಕೊಂಡು ಹೋಗುವ ಸ್ಥಿತಿ. ಶಿಕ್ಷೆಗೆ ‘ಒಂಟಿಸೆರೆ’ ಒಳ್ಳೆಯದು.

ಅಗುಳಿ ಮತ್ತು ಚಿಲಕ: ಒಳಗಿನಿಂದ ಹಾಕಿಕೊಳ್ಳುವ ಸಣ್ಣದು ಚಿಲಕ. ಅಡ್ಡಕ್ಕೆ ಸರಿಯುವ ದಪ್ಪ ಸರಳು ಅಗುಳಿ, ಬೀಗ ತೂಗುವುದು ಕೊಂಡಿಗೆ. ಸೆಲ್ಯುಲರ್ ಜೈಲಿನಲ್ಲಿ ಅಗುಳಿ, ಕೊಂಡಿ, ಬೀಗ ಈ ಮೂರೂ ಪದ ಬೇಕಾಗುತ್ತವೆ. ಅಲ್ಲಿ ಸರಳುಬಾಗಿಲಿನ ಅಗುಳಿ ಬಾಗಿಲ ಚೌಕಟ್ಟನ್ನು ದಾಟಿ, ಹೊರಗೋಡೆಯಲ್ಲಿ ಕೊರೆದ ಗೂಡಿನವರೆಗೆ ಹೋಗುತ್ತದೆ. ಕೊಂಡಿ ಮತ್ತು ಬೀಗ ಆ ಗೂಡಿನಲ್ಲಿ. ಸರಳಿನ ಸಂದಿಯಿಂದ ಕೈ ಎಷ್ಟು ಚಾಚಿದರೂ ಬೀಗ ಸಿಗದು. ಗೋಡೆಯ ಈ ಪೊಳ್ಳಿಗೆ ‘ಗೂಡು’ ಎಂಬುದು ಮನೆಮಾತೇ, ಹಾಗಾಗಿ ಸೆಲ್‌ಗೆ ಆ ಪದ ಬಳಸಿದರೆ ಇಲ್ಲಿ ಗೊಂದಲ.

ಫರ್ನಿಶ್ಡ್ ಸೆಲ್ ವಿಷಯ. ‘ಪೀಠೋಪಕರಣ ಸಹಿತ’ ಎಂದರೆ ಲಾಡ್ಜಿನ ಜಾಹೀರಾತಾಗುತ್ತದೆ. ‘ಸಾಮಾನು ಜೋಡಿಸಿದ ಕೋಣೆ’ ಎನ್ನಿ. ಅಂಡಮಾನಿನ ಕೋಣೆಯಲ್ಲಿ ಜೋಡಿಸುವುದಾದರೂ ಎಷ್ಟು? ಮಲಗುವ ಹಲಗೆ, ಕಂಬಳಿ, ಉಣ್ಣುವ ಲೋಹದ ತಟ್ಟೆ, ರಾತ್ರಿಯ ದೇಹಬಾಧೆಗೆ ಒಂದು ಮಡಕೆ. ಕೈದಿಯ ಕೊರಳಲ್ಲಿ ಬಿಡುಗಡೆಯ ತಾರೀಕು ಬರೆದ ಮರದ ಬಿಲ್ಲೆ. ಕೆಲಸದ ಕಡೆ ಕೊಬ್ಬರಿಯ ಗಾಣ, ನಾರು ಬಡಿಯುವ ಕೊಡತಿ. ಗಾಣಕ್ಕೆ ಕಟ್ಟಿದ ಕೈದಿ ದಿನಕ್ಕೆ 30 ಪೌಂಡ್, ಅಂದರೆ ಸುಮಾರು 13.6 ಕಿಲೊ ಎಣ್ಣೆ ತೆಗೆಯಬೇಕಿತ್ತು. ಈ ಅಂಕಿಯನ್ನು ಗಾಣದ ಪಕ್ಕದಲ್ಲೇ ಬರೆಯಿರಿ, ಬೇರೆ ಪುಟದಲ್ಲಿ ಹಾಕಿದರೆ ಯಾರೂ ಓದುವುದಿಲ್ಲ.

ವಸ್ತುವಿನ ಪಕ್ಕದ ಫಲಕಕ್ಕೆ ಮೂರು ಮಾತು ಬೇಕು: ‘ಅಸಲು’, ‘ಅದೇ ಕಾಲದ್ದು, ಈ ಜೈಲಿನದಲ್ಲ’, ‘ಪ್ರತಿ’. ರೆಪ್ಲಿಕಾಗೆ ‘ಪ್ರತಿ’ ಸಾಕು. ‘ಮಾದರಿ’ ಎಂದರೆ ಚಿಕ್ಕದಾಗಿ ಮಾಡಿದ ಮಾಡೆಲ್. ಎರಡನೆಯ ಬಗೆಯನ್ನು ಎಲ್ಲರೂ ಮರೆಯುತ್ತಾರೆ. ಈಸ್ಟರ್ನ್ ಸ್ಟೇಟ್‌ನಲ್ಲಿ ಅಮೆರಿಕದ ಕುಖ್ಯಾತ ಪಾತಕಿ ಆಲ್ ಕಪೋನ್ 1929-30ರಲ್ಲಿ ಇದ್ದದ್ದಕ್ಕೆ ಒಂದು ಕೋಣೆ ಜೋಡಿಸಿದ್ದಾರೆ: ರತ್ನಗಂಬಳಿ, ಮೇಜು, ದೊಡ್ಡ ರೇಡಿಯೊ, ಗೋಡೆಗೆ ಚಿತ್ರಪಟ. ಆಗಿನ ಒಂದು ಪತ್ರಿಕೆಯ ವರದಿಯನ್ನು ಆಧರಿಸಿ ಆ ಕಾಲದ ಸಾಮಾನು ತಂದಿಟ್ಟದ್ದು ಅದು. ಕಪೋನ್ ಮುಟ್ಟಿದ ಮೇಜು ಎಂದು ಅನುವಾದಿಸಿದರೆ ಸುಳ್ಳಾಗುತ್ತದೆ.

ಪ್ರತಿ ಮಾಡಿಸಿದಾಗ ಅಡಿಯಲ್ಲಿ ಅಳಿಸದಂತೆ ಇಸವಿ ಕೊರೆಸಬೇಕು. ಇಪ್ಪತ್ತು ಮಳೆಗಾಲ ಕಳೆದ ಮೇಲೆ ಹಲಗೆಯ ಪ್ರತಿಗೂ ಅಸಲಿಗೂ ವ್ಯತ್ಯಾಸ ಕಾಣುವುದಿಲ್ಲ. ಹಲಗೆಯ ಕಾಲು ನೆಲಕ್ಕೆ ತಾಗಿದರೆ ಗೆದ್ದಲು, ಗೋಡೆಗೆ ತಾಗಿದರೆ ಬೂಷ್ಟು. ಕಾಲಡಿ ಲೋಹದ ತಗಡು, ಗೋಡೆಯಿಂದ ಒಂದು ಗೇಣು ದೂರ. ಉಣ್ಣೆಯ ಕಂಬಳಿಗೆ ನುಸಿ ಬೀಳುವುದು ಗ್ಯಾರಂಟಿ. ಕೋಣೆಗೆ ತರುವ ಮುನ್ನ ಪಾಲಿಥೀನಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಕೂಡಲೇ ಬಿಚ್ಚಿದರೆ ಕಂಬಳಿಯ ಮೇಲೆ ನೀರು ಕಟ್ಟುತ್ತದೆ, ಒಂದು ದಿನ ಬಿಟ್ಟು ಬಿಚ್ಚಬೇಕು. ಅಸಲು ಬಟ್ಟೆ, ಕಾಗದ ಇದ್ದರೆ ಬೆಳಕು 50 ಲಕ್ಸ್ ಮೀರಬಾರದು. ಹಗ್ಗ, ಫಲಕ ಯಾವುದಕ್ಕಾಗಲಿ ಮೊಳೆ ಹೊಡೆಯುವುದು ಗಾರೆಯ ಸಂದಿಗೆ, ಇಟ್ಟಿಗೆಗಲ್ಲ.

ಕೋಣೆಯಲ್ಲಿ ಕೈದಿಯ ಗೊಂಬೆ ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪ್ಲಾಸ್ಟರ್ ಗೊಂಬೆ ಆರ್ದ್ರತೆಗೆ ಉಬ್ಬಿ ಬಿರಿಯುತ್ತದೆ, ಫೈಬರಿನದು ದೂಳು ಹಿಡಿದು ಜಾತ್ರೆಯ ಗೊಂಬೆಯಾಗುತ್ತದೆ. ಖಾಲಿ ಹಲಗೆ, ಮಡಿಸಿದ ಕಂಬಳಿ ಸಾಕು.

ಕೈದಿ ಅಥವಾ ಖೈದಿ: ‘ಕೈದು’ ಎಂದು ಬರೆಯುತ್ತೇವೆ, ಹಾಗಾಗಿ ‘ಕೈದಿ’. ಅಂಡಮಾನಿಗೆ ಕಳಿಸುವ ಶಿಕ್ಷೆಗೆ ‘ಗಡೀಪಾರು’ ಹೊಂದದು, ಅದು ಊರು ಜಿಲ್ಲೆ ಬಿಡಿಸುವುದು. ‘ದ್ವೀಪಾಂತರ’ ಅಥವಾ ಜನ ಹೇಳುವ ‘ಕರಿನೀರಿನ ಶಿಕ್ಷೆ’.

ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದ. ಇನ್ನೆರಡು. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಯಿತಲ್ಲ, ಅದಕ್ಕೆ ‘ಮರುಬಳಕೆ’ ಎನ್ನಬಹುದೇ? ಕಬ್ಬಿಣದ ಸರಳುಬಾಗಿಲಿಗೆ ಏನು ಮಾಡುತ್ತಾರೆ, ಬಣ್ಣವೇ?

ಉತ್ತರ 1 ಬರೆದವರಿಂದ

‘ಮರುಬಳಕೆ’ ಈಗ ಪ್ಲಾಸ್ಟಿಕ್ ಬಾಟಲಿಯ ಪಾಲಾಗಿದೆ. ‘ಹೊಸ ಬಳಕೆ’ ಎನ್ನಿ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮುಂತಾದವರನ್ನು ಇಟ್ಟಿದ್ದ ಜೈಲು ಅದು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಕಾವಲು ಗೋಪುರವನ್ನೂ ಕೆಲವು ಕಟ್ಟಡಗಳನ್ನೂ ಉಳಿಸಿಕೊಂಡು ಸುತ್ತ ಉದ್ಯಾನ ಮಾಡಿ 2008ರಲ್ಲಿ ತೆರೆದರು. ಉಳಿಸಿಕೊಂಡದ್ದು ಸಂರಕ್ಷಣೆ, ಉದ್ಯಾನ ಹೊಸ ಬಳಕೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೇರೆಯಾಗಿ ಹೇಳಬಹುದು.

ಕಬ್ಬಿಣಕ್ಕೆ: ಮರಳು ಊದಿ ಉಜ್ಜಿಸಬಾರದು, ಹಳೆಯ ಬಣ್ಣದ ಪದರ, ಕಮ್ಮಾರನ ಗುರುತು ಎಲ್ಲ ಹೋಗುತ್ತವೆ. ಬಿಡುವ ತುಕ್ಕನ್ನಷ್ಟೇ ತಂತಿ ಬ್ರಶ್ಶಿನಲ್ಲಿ ತೆಗೆದು, ಟ್ಯಾನಿಕ್ ಆಮ್ಲದ ದ್ರಾವಣ ಹಚ್ಚಿದರೆ ತುಕ್ಕು ಕಪ್ಪಾಗಿ ನಿಲ್ಲುತ್ತದೆ. ಒಣಗಿದ ಮೇಲೆ ಮೇಣ. ಜನ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುವ ಎತ್ತರದಲ್ಲಿ ಮೇಣ ಬೇಗ ಸವೆಯುತ್ತದೆ, ಅಲ್ಲಿ ಮಳೆಗಾಲಕ್ಕೆ ಮೊದಲು ಮತ್ತೆ ಹಚ್ಚಬೇಕು. ಸರಳಿನ ತುದಿ ಗೋಡೆಗೆ ಹೊಕ್ಕಿರುವ ಜಾಗ ಮುಖ್ಯ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಒಳಗೇ ಉಬ್ಬಿ ಕಲ್ಲನ್ನು ಸೀಳುತ್ತದೆ. ಅಲ್ಲಿ ನೀರು ನಿಲ್ಲದಂತೆ ಸುಣ್ಣದ ಗಾರೆಯಲ್ಲಿ ಇಳಿಜಾರು ಕೊಡಬೇಕು.

ಬೀಗಕ್ಕೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ನೋಡಲು ಬಂದವರು ಗೆಳೆಯನನ್ನು ಒಳಗೆ ಬಿಟ್ಟು ಬಾಗಿಲು ಎಳೆದುಬಿಡುತ್ತಾರೆ, ಕೀಲಿ ಎಂದೋ ಕಳೆದುಹೋಗಿರುತ್ತದೆ. ಆದ್ದರಿಂದ ತೆರೆದ ಕೋಣೆಗಳ ಬೀಗ ಬಿಚ್ಚಿ ‘ನಾಲಿಗೆ’, ಅಂದರೆ ಕೀಲಿ ತಿರುಗಿಸಿದಾಗ ಸರಿಯುವ ಒಳಗಿನ ತುಂಡು, ತೆಗೆದು, ಕೋಣೆಯ ನಂಬರಿನ ಚೀಟಿ ಕಟ್ಟಿ ಉಗ್ರಾಣದಲ್ಲಿ ಇಡುತ್ತಾರೆ. ಖಾಲಿ ಬೀಗ ಮತ್ತೆ ಅದರ ಜಾಗಕ್ಕೆ. ಕೈಪಿಡಿಯಲ್ಲಿ ‘ಬೀಗ ಅಸಲು, ನಾಲಿಗೆ ತೆಗೆದಿದೆ’ ಎಂದು ಬರೆದರೆ ಸಾಕು.