ಜೇಸನ್ ಪಾರ್ಸ್ ಮಾಡಿದ್ರೆ ಐಡಿಯ ಕೊನೇ ಅಂಕಿ ಬದಲಾಗ್ತಿದೆ, ಇದು ಲೈಬ್ರರಿಯಲ್ಲಿರೋ ಬಗ್ (ದೋಷ) ಇರಬಹುದಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಜಾವಾದಲ್ಲಿ ಒಂದು ಸಣ್ಣ ಸರ್ವಿಸ್ ಬರೀತಿದೀನಿ, ಬೇರೆ ಟೀಮಿನ ಎಪಿಐ ಇಂದ ಆರ್ಡರ್ ಡೇಟಾ ಜೇಸನ್ (ಡೇಟಾನ ಟೆಕ್ಸ್ಟಾಗಿ ಬರೆಯೋ ಫಾರ್ಮ್ಯಾಟ್) ಆಗಿ ಬರುತ್ತೆ, ಅದನ್ನ ಗೂಗಲ್‌ನ ಜಿಸನ್ ಲೈಬ್ರರಿಯಲ್ಲಿ ಮ್ಯಾಪ್‌ಗೆ ಹಾಕ್ಕೊಂಡು, ಸ್ಟೇಟಸ್ ಅನ್ನೋ ಒಂದೇ ಫೀಲ್ಡ್ ಬದಲಾಯಿಸಿ, ವಾಪಸ್ ಜೇಸನ್ ಮಾಡಿ ಮುಂದಕ್ಕೆ ಕಳಿಸ್ಬೇಕು, ಇಷ್ಟೇ ಕೆಲಸ. ಆದ್ರೆ ಬರೋವಾಗ ಕ್ವಾಂಟಿಟಿ 3 ಅಂತಿರೋದು ಹೋಗೋವಾಗ 3.0 ಆಗಿರುತ್ತೆ, ಆರ್ಡರ್ ಐಡಿ 9007199254740993 ಇದ್ದಿದ್ದು 9.007199254740992ಇ15 ಅಂತಾಗ್ಬಿಡುತ್ತೆ. ಎರರ್ ಕೂಡ ಬರಲ್ಲ! ಲೈಬ್ರರಿ ಬದಲಾಯಿಸ್ಲಾ, ಇಲ್ಲಾ ಪಾರ್ಸೇ ಮಾಡ್ದೆ ಸ್ಟ್ರಿಂಗ್ ರಿಪ್ಲೇಸ್ ಮಾಡಿ ಕಳಿಸ್ಬಿಡ್ಲಾ?

ಉತ್ತರ: ಸ್ಟ್ರಿಂಗ್ ರಿಪ್ಲೇಸ್ ಮಾತ್ರ ಬೇಡ, ಕೈ ಮುಗಿತೀನಿ. ಸ್ಟೇಟಸ್ ಅನ್ನೋ ಕೀ ಆರ್ಡರ್ ಒಳಗಿರೋ ಪೇಮೆಂಟ್ ಆಬ್ಜೆಕ್ಟಲ್ಲೂ ಇರಬಹುದು, ಯಾರೋ ಟೈಪ್ ಮಾಡಿರೋ ನೋಟ್ ಒಳಗೂ ಬರಬಹುದು, ಆಗ ಯಾವುದು ಬದಲಾಯ್ತು ಅಂತ ನಿಮಗೇ ಗೊತ್ತಾಗಲ್ಲ.

ಇನ್ನು ನಿಮ್ಮ ಪ್ರಾಬ್ಲಂ. ಇದು ಬಗ್ ಅಲ್ಲ. ಜೇಸನ್‌ನಲ್ಲಿ ಜಾವಾದ ಹಾಗೆ ಇಂಟ್, ಲಾಂಗ್ (ಪೂರ್ಣಾಂಕಕ್ಕೆ), ಡಬಲ್ (ದಶಮಾಂಶಕ್ಕೆ) ಅಂತ ಬೇರೆ ಬೇರೆ ಟೈಪ್ ಇಲ್ಲವೇ ಇಲ್ಲ, ನಂಬರ್ ಅನ್ನೋದು ಒಂದೇ. ಅದನ್ನ ಜಾವಾದ ಯಾವ ಟೈಪಿಗೆ ಹಾಕ್ಬೇಕು ಅನ್ನೋದನ್ನ ನಾವು ಹೇಳ್ಬೇಕು, ಹೇಳ್ದೇ ಇದ್ರೆ ಲೈಬ್ರರಿ ತಾನೇ ಏನೋ ಒಂದು ಆರಿಸ್ಕೊಳುತ್ತೆ. ನೀವು ಮ್ಯಾಪ್ ಕೊಟ್ಟಿದೀರ, ವ್ಯಾಲ್ಯೂ ಟೈಪ್ ಬರೀ ಆಬ್ಜೆಕ್ಟ್, ಅಂಥ ಕಡೆ ಜಿಸನ್ ಕಣ್ಮುಚ್ಚಿ ಎಲ್ಲಾ ನಂಬರನ್ನೂ ಡಬಲ್ ಟೈಪಿಗೆ ಹಾಕುತ್ತೆ. ಡಬಲ್‌ಗೆ 53 ಬಿಟ್ ನಿಖರತೆ, ಅಂದ್ರೆ 9007199254740992 ದಾಟಿದ ಮೇಲೆ ಎಲ್ಲಾ ಪೂರ್ಣಾಂಕಗಳೂ ಅದ್ರಲ್ಲಿ ಕೂರಲ್ಲ. ನಿಮ್ಮ ಐಡಿ ಸರಿಯಾಗಿ ಅದರ ಮುಂದಿನ ನಂಬರು ನೋಡಿ, ಹಾಗಾಗಿ ಒಂದು ಕಮ್ಮಿ ಆಗಿ ಬಂತು.

ಎಲ್ರೂ ಕೊಡೋ ಸಲಹೆ ಏನಂದ್ರೆ ಆರ್ಡರ್ ಅಂತ ಕ್ಲಾಸ್ ಬರೀರಿ, ಐಡಿಗೆ ಲಾಂಗ್, ಕ್ವಾಂಟಿಟಿಗೆ ಇಂಟ್, ದುಡ್ಡಿಗೆ ಬಿಗ್‌ಡೆಸಿಮಲ್ ಅಂತ. ಡೇಟಾನ ನೀವೇ ಬಳಸೋದಾದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ನಿಮ್ದು ತಗೊಂಡು ಮುಂದಕ್ಕೆ ದಾಟಿಸೋ ಕೆಲಸ, ಅಲ್ಲಿ ಕ್ಲಾಸ್ ಇನ್ನೊಂಥರಾ ಕಾಟ ಕೊಡುತ್ತೆ. ನಾಳೆ ಆ ಟೀಮಿನವ್ರು ಹೊಸದಾಗಿ ಡಿಸ್ಕೌಂಟ್ ಅಂತ ಒಂದು ಫೀಲ್ಡ್ ಸೇರಿಸಿದ್ರು ಅನ್ಕೊಳಿ, ನಿಮ್ಮ ಕ್ಲಾಸಲ್ಲಿ ಅದಿಲ್ಲ, ಜಿಸನ್ ಅದನ್ನ ಸದ್ದಿಲ್ಲದೆ ಬಿಟ್ಟುಬಿಡುತ್ತೆ, ನೀವು ವಾಪಸ್ ಬರೆಯೋವಾಗ ಡಿಸ್ಕೌಂಟ್ ಮಾಯ.

ಹಾಗಾಗಿ ನಿಮಗೆ ಬೇಕಾಗಿರೋದು ಟ್ರೀ, ಅಂದ್ರೆ ಜೇಸನ್ ಇದ್ದ ಆಕಾರದಲ್ಲೇ ಅದನ್ನ ಮೆಮೊರಿಯಲ್ಲಿ ಇಟ್ಕೊಳೋದು. ಜೇಸನ್‌ಪಾರ್ಸರ್ ಕ್ಲಾಸಿನ ಪಾರ್ಸ್‌ಸ್ಟ್ರಿಂಗ್ ಕರೆದು ಜೇಸನ್‌ಆಬ್ಜೆಕ್ಟ್ ತಗೊಳಿ, ಸ್ಟೇಟಸ್ ಕೀಗೆ ಆಡ್‌ಪ್ರಾಪರ್ಟಿ ಮಾಡಿ, ಹಳೇ ವ್ಯಾಲ್ಯೂ ಮೇಲೆ ಹೊಸದು ಕೂರುತ್ತೆ. ಟ್ರೀನಲ್ಲಿ ಜಿಸನ್ ನಂಬರನ್ನ ನೀವು ಕೇಳೋವರೆಗೂ ಕನ್ವರ್ಟ್ ಮಾಡಲ್ಲ, ಬಂದ ಅಂಕಿಗಳನ್ನ ಹಾಗೇ ಟೆಕ್ಸ್ಟಾಗಿ ಇಟ್ಕೊಂಡಿರುತ್ತೆ. ಹಾಗಾಗಿ 3 ಬಂದ್ರೆ 3 ಹೋಗುತ್ತೆ, ಐಡಿಯೂ ಅಲುಗಾಡಲ್ಲ.

ಒಂದು ಹುಷಾರು: ವಾಪಸ್ ಬರೆಯೋವಾಗ ಜಿಸನ್ ಕ್ಲಾಸಿನ ಟುಜೇಸನ್ ಕರೆದ್ರೆ ನಲ್ (ವ್ಯಾಲ್ಯೂ ಇಲ್ಲ ಅನ್ನೋ ಗುರುತು) ಇರೋ ಫೀಲ್ಡುಗಳು ಡೀಫಾಲ್ಟಾಗಿ ಬಿದ್ದುಹೋಗುತ್ವೆ. ಬಿಲ್ಡರ್‌ನಲ್ಲಿ ಸೀರಿಯಲೈಜ್‌ನಲ್ಸ್ ಆನ್ ಮಾಡಿ. ಕೆಲವು ಎಪಿಐಗಳಿಗೆ ನಲ್ ಅಂದ್ರೆ ಅಳಿಸು, ಫೀಲ್ಡೇ ಇಲ್ಲ ಅಂದ್ರೆ ಇದ್ದದ್ದು ಇದ್ದಂಗೆ ಬಿಡು ಅಂತ ಅರ್ಥ, ಎರಡೂ ಒಂದೇ ಅಲ್ಲ.

ಕೇಳಿದವರು: ಮೇಡಂ ತುಂಬಾ ಥ್ಯಾಂಕ್ಸ್, ಟ್ರೀ ಹಾಕ್ದೆ, ಔಟ್‌ಪುಟ್ ಸರಿಯಾಗಿ ಬರ್ತಿದೆ. ಆದ್ರೆ ಅದೇ ರೆಸ್ಪಾನ್ಸನ್ನ ಫ್ರಂಟೆಂಡ್‌ನವ್ರು ಬ್ರೌಸರಲ್ಲಿ ತೋರಿಸಿದ್ರೆ ಮತ್ತೆ ಕೊನೇಲಿ 992 ಅಂತಿದೆ, ನೀವೇ ತಪ್ಪು ಕಳಿಸ್ತಿದೀರ ಅಂತ ನನ್ನ ಮೇಲೆ ಹಾಕ್ತಿದಾರೆ.

ಉತ್ತರ: ನೆಟ್‌ವರ್ಕ್ ಟ್ಯಾಬಲ್ಲಿ ಕಚ್ಚಾ ರೆಸ್ಪಾನ್ಸ್ ತೆಗೆದು ತೋರಿಸಿ, ಅಲ್ಲಿ 993 ಅಂತಾನೇ ಇರುತ್ತೆ. ಜಾವಾಸ್ಕ್ರಿಪ್ಟಿನ ಜೇಸನ್ ಪಾರ್ಸ್ ಎಲ್ಲಾ ನಂಬರನ್ನೂ ಡಬಲ್‌ಗೇ ಹಾಕೋದು, ನೀವು ಎಷ್ಟು ಸರಿಯಾಗಿ ಕಳಿಸಿದ್ರೂ ಅಲ್ಲಿ ಕೆಡುತ್ತೆ. ಸುಲಭದ ದಾರಿ ಅಂದ್ರೆ, ಐಡಿಯನ್ನ ಕೋಟ್ ಒಳಗೆ ಹಾಕಿ ಸ್ಟ್ರಿಂಗಾಗಿ ಕಳಿಸಿ. ಐಡಿನ ಯಾರೂ ಕೂಡೋದೂ ಇಲ್ಲ ಕಳೆಯೋದೂ ಇಲ್ಲ, ಅದು ನಂಬರಾಗಿ ಯಾಕಿರ್ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಟ್ವಿಟರ್‌ಗೂ 2010ರಲ್ಲಿ ಇದೇ ಫಜೀತಿ ಆಗಿ ಟ್ವೀಟ್ ಐಡಿ ಜೊತೆಗೆ ಅದೇ ಐಡಿನ ಸ್ಟ್ರಿಂಗ್ ರೂಪದಲ್ಲೂ ಇನ್ನೊಂದು ಫೀಲ್ಡಾಗಿ ಕೊಡೋಕೆ ಶುರು ಮಾಡಿದ್ರು. ನೀವೂ ಹಳೇ ಫೀಲ್ಡ್ ತೆಗೀದೆ ಹಾಗೇ ಮಾಡಿ, ಇಲ್ಲಾಂದ್ರೆ ಈಗಾಗ್ಲೇ ಅದನ್ನ ಬಳಸ್ತಿರೋವ್ರ ಕೋಡ್ ಮುರಿಯುತ್ತೆ.

ಇನ್ನೊಬ್ಬರು: ಇದೇ ಥ್ರೆಡ್ಡಲ್ಲಿ ಕೇಳ್ತೀನಿ ಬೇಜಾರಾಗ್ಬೇಡಿ, ಜಿಸನ್ ಬಿಟ್ಟು ಜಾಕ್ಸನ್ ಅನ್ನೋ ಇನ್ನೊಂದು ಜೇಸನ್ ಲೈಬ್ರರಿ ಹಾಕಿದ್ರೆ ಇವೆಲ್ಲ ಇರಲ್ವಾ?

ಉತ್ತರ: ಇದೊಂದು ಇರಲ್ಲ. ಜಾಕ್ಸನ್ ಮ್ಯಾಪಿಗೆ ಹಾಕೋವಾಗ ನಂಬರ್ ಸೈಜ್ ನೋಡಿ ಇಂಟಿಜರ್, ಲಾಂಗ್ ಅಥವಾ ಬಿಗ್‌ಇಂಟಿಜರ್ ಆರಿಸ್ಕೊಳುತ್ತೆ. ಆದ್ರೆ ದಶಮಾಂಶ ಇರೋದು ಅಲ್ಲೂ ಡಬಲ್ಲೇ. ಗೊತ್ತಿಲ್ಲದ ಫೀಲ್ಡ್ ಬಂದ್ರೆ ಜಾಕ್ಸನ್ 2 ಡೀಫಾಲ್ಟಾಗಿ ಎಕ್ಸೆಪ್ಶನ್ ಎಸೆಯುತ್ತೆ, ಇದು ಜಿಸನ್‌ಗೆ ಪೂರ್ತಿ ಉಲ್ಟಾ. ಟೆಸ್ಟಲ್ಲಿ ಈ ಕಟ್ಟುನಿಟ್ಟು ನನಗಿಷ್ಟ, ಪ್ರೊಡಕ್ಷನ್‌ನಲ್ಲಿ ಆಫ್ ಮಾಡ್ತೀನಿ, ಯಾಕಂದ್ರೆ ಪಕ್ಕದ ಟೀಮ್ ಒಂದು ಫೀಲ್ಡ್ ಸೇರಿಸಿದ್ದಕ್ಕೆ ನಮ್ಮ ಸರ್ವಿಸ್ ಮಲಗೋದು ಬೇಡ. ಜಾಕ್ಸನ್‌ನ ಮುಖ್ಯ ಕ್ಲಾಸಾದ ಆಬ್ಜೆಕ್ಟ್‌ಮ್ಯಾಪರನ್ನ ರಿಕ್ವೆಸ್ಟಿಗೊಂದು ಹೊಸದು ಮಾಡ್ಬೇಡಿ, ಮಾಡೋಕೆ ಅದು ದುಬಾರಿ, ಒಂದ್ಸಲ ಕಾನ್ಫಿಗರ್ ಮಾಡಿಟ್ರೆ ಎಷ್ಟು ಥ್ರೆಡ್ ಬೇಕಾದ್ರೂ ಹಂಚ್ಕೊಬಹುದು. ಡೀಫಾಲ್ಟ್ ಟೈಪಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಹೊರಗಡೆಯಿಂದ ಬರೋ ಡೇಟಾಗೆ ಅದನ್ನ ಆನ್ ಮಾಡ್ಲೇಬೇಡಿ. ಯಾವ ಕ್ಲಾಸ್ ಸೃಷ್ಟಿ ಮಾಡ್ಬೇಕು ಅನ್ನೋದನ್ನ ಜೇಸನ್ ಕಳಿಸೋವ್ನೇ ಹೇಳೋ ಹಾಗಾಗುತ್ತೆ, ಆ ದಾರೀಲಿ ಬಂದ ಸೆಕ್ಯುರಿಟಿ ತೂತುಗಳು ಒಂದೆರಡಲ್ಲ.

ಮತ್ತೊಬ್ಬರು: ಮೇಡಂ, ನಾನು ಪೈಥಾನ್. ಕನ್ನಡ ಹೆಸರುಗಳಿರೋ ಡಿಕ್ಷನರಿನ ಡಂಪ್ಸ್ ಫಂಕ್ಷನ್‌ನಿಂದ ಜೇಸನ್ ಮಾಡಿದ್ರೆ ಅಕ್ಷರದ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್, ಯು, ಆಮೇಲೆ ಏನೇನೋ ಕೋಡ್ ಬರುತ್ತೆ. ಡೇಟಾ ಹಾಳಾಯ್ತಾ?

ಉತ್ತರ: ಏನೂ ಹಾಳಾಗಿಲ್ಲ, ಲೋಡ್ಸ್ ಫಂಕ್ಷನ್‌ನಿಂದ ವಾಪಸ್ ಓದಿದ್ರೆ ಕನ್ನಡ ಹಾಗೇ ಬರುತ್ತೆ. ಕಣ್ಣಿಗೆ ಕನ್ನಡವೇ ಕಾಣ್ಬೇಕಂದ್ರೆ ಎನ್ಶೂರ್ ಆಸ್ಕಿ ಅನ್ನೋ ಆರ್ಗ್ಯುಮೆಂಟಿಗೆ ಫಾಲ್ಸ್ ಕೊಡಿ, ಫೈಲ್ ಓಪನ್ ಮಾಡೋವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವೇ ಬರೀರಿ, ವಿಂಡೋಸಲ್ಲಿ ಅದನ್ನ ಬಿಟ್ರೆ ಎರರ್ ಬರೋದು ಹೆಚ್ಚು. ಹಾಂ, ಪೈಥಾನಲ್ಲಿ ಇನ್ನೊಂದಿದೆ, ವ್ಯಾಲ್ಯೂ ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನೋ ಗುರುತು) ಆಗಿದ್ರೆ ಡಂಪ್ಸ್ ಅದನ್ನ ಹಾಗೇ ಬರೆದುಬಿಡುತ್ತೆ, ಜೇಸನ್ ಪ್ರಕಾರ ಅದು ಸಲ್ಲಲ್ಲ, ಆ ಕಡೆಯ ಪಾರ್ಸರ್ ಕಿರುಚುತ್ತೆ. ಅಲೋ ನ್ಯಾನ್ ಫಾಲ್ಸ್ ಕೊಟ್ರೆ ನಿಮ್ಮ ಕಡೆಯೇ ಎರರ್ ಸಿಗುತ್ತೆ.

ಅದೇ ಮತ್ತೊಬ್ಬರು: ಬಂತು ಮೇಡಂ! ಡೇಟ್‌ಟೈಮ್ ಹಾಕಿದ್ರೆ ಸೀರಿಯಲೈಜ್ ಆಗಲ್ಲ ಅಂತ ಟೈಪ್‌ಎರರ್ ಬರ್ತಿದೆಯಲ್ಲ, ಅದಕ್ಕೆ?

ಉತ್ತರ: ಜೇಸನ್‌ನಲ್ಲಿ ಡೇಟ್ ಅನ್ನೋ ಟೈಪೇ ಇಲ್ಲ. ಐಸೋಫಾರ್ಮ್ಯಾಟ್ ಕರೆದು ಸ್ಟ್ರಿಂಗ್ ಮಾಡಿ ಹಾಕಿ, ಟೈಮ್‌ಜೋನ್ ಸಮೇತ.