ಆರು ವರ್ಷದ ಮಗನಿಗೆ ಐಸ್ ಹಾಕಿ ಬೇಕಂತೆ, ನಮಗೆ ಅದರ ತಲೆಬುಡ ಗೊತ್ತಿಲ್ಲ

ಹಾಸನದವ:

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಮಿಸಿಸಾಗಾಕ್ಕೆ ಬಂದು ಎರಡು ವರ್ಷ ಆಯಿತು. ಮಗನಿಗೆ ಆರು ವರ್ಷ. ಅವನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಐಸ್ ಹಾಕಿ ಆಡುತ್ತಾರಂತೆ, ಈಗ ಇವನಿಗೂ ಅದೇ ಬೇಕು. ದಿನಾ ಸಾಕ್ಸ್ ಹಾಕಿಕೊಂಡು ಅಡುಗೆಮನೆ ಟೈಲ್ಸ್ ಮೇಲೆ ಜಾರುತ್ತಾ, ಸೌಟಿನಲ್ಲಿ ಆಲೂಗಡ್ಡೆ ಹೊಡೆಯುತ್ತಾನೆ. ನಿನ್ನೆ ಒಂದು ಫ್ರಿಜ್ ಕೆಳಗೆ ಹೋಗಿ ಕೂತಿದೆ.

ನನಗೆ ಗೊತ್ತಿರುವುದು ಕ್ರಿಕೆಟ್ ಒಂದೇ. ಮೊನ್ನೆ ಸುಮ್ನೆ ನೋಡೋಣ ಅಂತ ಒಂದು ಅಂಗಡಿಗೆ ಹೋದೆ, ಪ್ಯಾಡು, ಹೆಲ್ಮೆಟ್ಟು, ಸ್ಕೇಟು ಎಲ್ಲದರ ಬೆಲೆ ಮನಸ್ಸಿನಲ್ಲೇ ಕೂಡಿ ನೋಡಿ ವಾಪಸ್ ಬಂದೆ. ಎಲ್ಲಿಂದ ಶುರು ಮಾಡಬೇಕು? ಏನು ಹೊಸದು ಕೊಳ್ಳಬೇಕು, ಏನು ಹಳೆಯದಾದರೂ ನಡೆಯುತ್ತದೆ? ನನ್ನ ಹೆಂಡತಿಗೆ ಪೆಟ್ಟಿನ ಭಯ, ಟೀವಿಯಲ್ಲಿ ದೊಡ್ಡವರು ಗೋಡೆಗೆ ಗುದ್ದಿಸಿಕೊಳ್ಳುವುದನ್ನು ನೋಡಿದ್ದಾಳೆ.

ಇನ್ನೊಂದು ವಿಚಿತ್ರ ಇದೆ. ಇಲ್ಲಿನ ಕ್ಲಬ್‌ಗೆ ವಿಚಾರಿಸಿ ಮೇಲ್ ಹಾಕಿದ್ದಕ್ಕೆ, ಸೇರಿಸಿ ಸರ್, ಹಾಗೇ ಕೋಚಿಂಗ್‌ಗೆ ಕೈ ಜೋಡಿಸುತ್ತೀರಾ ಅಂತ ನನ್ನನ್ನೇ ಕೇಳಿದ್ದಾರೆ. ನಾನು ಐಸ್ ಮೇಲೆ ನಿಂತದ್ದೇ ಇಲ್ಲ! ಇದು ತಮಾಷೆಯೋ, ಇಲ್ಲಿನ ಪದ್ಧತಿಯೋ?

ಐದು ಗಂಟೆ ಅಲಾರಂ:

ಸ್ವಾಗತ ಗುರು. ಬ್ರಾಂಪ್ಟನ್‌ನಲ್ಲಿ ಇಬ್ಬರು ಮಕ್ಕಳನ್ನು ಆಡಿಸುತ್ತಿದ್ದೇನೆ, ಇದು ಆರನೇ ವರ್ಷ. ಹೆಸರು ಯಾಕೆ ಹೀಗಿಟ್ಟುಕೊಂಡಿದ್ದೇನೆ ಅಂತ ಜನವರಿಯಲ್ಲಿ ನಿಮಗೇ ಗೊತ್ತಾಗುತ್ತದೆ, ಚಿಕ್ಕವರಿಗೆ ಐಸ್ ಸಿಗುವುದೇ ಬೆಳಗಿನ ಜಾವ.

ಮೊದಲ ಮಾತು, ಹಾಕಿ ಸಾಮಾನು ಕೊಳ್ಳುವ ಮುಂಚೆ ಸ್ಕೇಟಿಂಗ್ ಕಲಿಸಿ. ಸ್ಕೇಟ್ ಬಾರದ ಮಗುವಿಗೆ ಸ್ಟಿಕ್ ಕೊಟ್ಟರೆ ಅದು ಊರುಗೋಲಾಗುತ್ತದೆ, ಬೆನ್ನು ಬಗ್ಗಿಸಿಕೊಂಡು ಅದರ ಮೇಲೇ ಒರಗುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಮುನಿಸಿಪಾಲಿಟಿ ಅರೀನಾಗಳಲ್ಲಿ ಕ್ಲಾಸ್ ಇರುತ್ತವೆ, ಸ್ಕೇಟಿಂಗ್ ಕ್ಲಬ್‌ಗಳಲ್ಲಿ ಕ್ಯಾನ್‌ಸ್ಕೇಟ್ ಅಂತ ಇರುತ್ತದೆ. ಎಂಟು ಹತ್ತು ವಾರ ಅಷ್ಟೇ. ಬೀಳುವುದು, ಎದ್ದು ನಿಲ್ಲುವುದು, ನಿಲ್ಲಿಸುವುದು ಬಂದರೆ ಸಾಕು. ಸಂಜೆ ಪಬ್ಲಿಕ್ ಸ್ಕೇಟಿಂಗಿಗೆ ನೀವೂ ಹೋಗಿ. ಅಪ್ಪ ಬೀಳುವುದನ್ನು ನೋಡಿದರೆ ಮಕ್ಕಳಿಗೆ ಅರ್ಧ ಭಯ ಹೋಗುತ್ತದೆ, ನಾನು ಬಿದ್ದಾಗಲಂತೂ ನನ್ನ ಮಗಳು ಚಪ್ಪಾಳೆ ತಟ್ಟಿದ್ದಳು.

ಈಗ ಸ್ಕೇಟ್. ನಾನು ಮಾಡಿದ ತಪ್ಪು ಕೇಳಿ. ‘ಬೆಳೆಯೋ ಮಗು, ಎರಡು ವರ್ಷ ಬರಲಿ’ ಅಂತ ಎರಡು ಸೈಜ್ ದೊಡ್ಡದು ತಂದೆ, ನಮ್ಮೂರಲ್ಲಿ ಸ್ಕೂಲ್ ಶೂ ತರುವ ಹಾಗೆ. ಅದರ ಮೇಲೆ ಎರಡು ಜೊತೆ ಉಣ್ಣೆ ಸಾಕ್ಸ್. ಪಾದ ಒಳಗೆ ಅಲುಗಾಡಿ ಎರಡೂ ಪಾದದ ಕೀಲು ಒಳಕ್ಕೆ ಮಡಚಿಕೊಂಡು ನಿಲ್ಲುತ್ತಿದ್ದಳು. ಹಾಕಿ ಸ್ಕೇಟ್ ಶೂ ಸೈಜಿಗಿಂತ ಒಂದರಿಂದ ಒಂದೂವರೆ ಸೈಜ್ ಚಿಕ್ಕದೇ ಇರುತ್ತದೆ, ತೆಳು ಸಾಕ್ಸ್ ಒಂದೇ ಸಾಕು. ಇನ್ನೊಂದು ಪೆದ್ದುತನ, ಹೊಸ ಸ್ಕೇಟ್ ಸಾಣೆ ಹಿಡಿಯದೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಅಂಗಡಿಯವನೂ ಹೇಳಲಿಲ್ಲ. ಮೂರು ಕ್ಲಾಸ್ ಅವಳು ಜಾರಿ ಜಾರಿ ಬಿದ್ದಳು, ನಾವು ‘ಇವಳಿಗೆ ಇದು ಆಗಲ್ಲ ಬಿಡು’ ಅಂತ ಮಾತಾಡಿಕೊಂಡಿದ್ದೆವು. ಪಾಪ, ಬ್ಲೇಡಿಗೆ ಅಂಚೇ ಇರಲಿಲ್ಲ. ಕೊಂಡ ದಿನವೇ ಸಾಣೆ ಹಿಡಿಸಿ. ಬ್ಲೇಡ್ ಹಾಕಿಕೊಂಡು ಸಿಮೆಂಟಿನ ಮೇಲೆ ನಡೆಯಲು ಬಿಡಬೇಡಿ, ರಬ್ಬರ್ ಮ್ಯಾಟ್ ಇರುವಲ್ಲಿ ಮಾತ್ರ.

ಸ್ಟಿಕ್ ವಿಷಯಕ್ಕೆ ಬಂದರೆ ಕ್ರಿಕೆಟ್ ಆಡಿದ ಅಪ್ಪಂದಿರೆಲ್ಲ ಎಡವುವುದು ಇಲ್ಲೇ. ಬಲಗೈ ಬ್ಯಾಟ್ಸ್‌ಮನ್ ಬ್ಯಾಟ್ ಹಿಡಿಯುವಾಗ ಬಲಗೈ ಕೆಳಗಿರುತ್ತದೆ ಅಲ್ವಾ, ಅದೇ ಲೆಕ್ಕದಲ್ಲಿ ನಾವು ‘ರೈಟ್’ ಸ್ಟಿಕ್ ತರುತ್ತೇವೆ. ಆದರೆ ಐಸ್ ಮೇಲೆ ಎಷ್ಟೋ ಸಲ ಒಂದೇ ಕೈಯಲ್ಲಿ ಸ್ಟಿಕ್ ಹಿಡಿದು ಓಡಬೇಕು, ಆಗ ಉಳಿಯುವುದು ಮೇಲಿನ ಕೈ. ಅದಕ್ಕೇ ಇಲ್ಲಿ ಬಲಗೈ ಬಳಸುವ ಎಷ್ಟೋ ಮಕ್ಕಳು ಬಲಗೈ ಮೇಲಿಟ್ಟು ‘ಲೆಫ್ಟ್’ ಸ್ಟಿಕ್ ಆಡುತ್ತಾರೆ. ಇದೇ ಸರಿ ಅಂತ ಕಾನೂನೇನೂ ಇಲ್ಲ. ಮನೆಯಲ್ಲಿ ಉದ್ದ ಪೊರಕೆ ಕೊಟ್ಟು ನೆಲ ಗುಡಿಸು ಅನ್ನಿ, ಯಾವ ಕೈ ಮೇಲೆ ಹೋಗುತ್ತದೆ ನೋಡಿ, ಆ ಪ್ರಕಾರ ತನ್ನಿ. ಉದ್ದ, ಬರಿಗಾಲಲ್ಲಿ ಮೂಗಿನ ತನಕ, ಸ್ಕೇಟ್ ಹಾಕಿದಾಗ ಗದ್ದದ ತನಕ. ಉಳಿದದ್ದನ್ನು ಗರಗಸದಲ್ಲಿ ಕೊಯ್ದರೆ ಆಯಿತು.

ಹೆಲ್ಮೆಟ್ ಹೊಸದೇ ಇರಲಿ, ಸುರಕ್ಷತೆಯ ಸಿಎಸ್‌ಎ ಸ್ಟಿಕ್ಕರ್ ನೋಡಿ, ಮುಖಕ್ಕೆ ಪೂರ್ತಿ ಕೇಜ್, ಅಂದರೆ ಜಾಲರಿ. ಕತ್ತಿನ ಗಾರ್ಡ್ ಕಡ್ಡಾಯ, ಅದರ ಮೇಲೆ ಅಂಥದ್ದೇ ಬಿಎನ್‌ಕ್ಯೂ ಗುರುತು ಇರಬೇಕು. ಉಳಿದದ್ದೆಲ್ಲ, ಅಂದರೆ ಶಿನ್ ಪ್ಯಾಡ್, ಎಲ್ಬೋ ಪ್ಯಾಡ್, ಶೋಲ್ಡರ್ ಪ್ಯಾಡ್, ಪ್ಯಾಂಟು, ಗ್ಲೌಸ್, ಹಳೆಯದು ನಡೆಯುತ್ತದೆ. ಈ ವಯಸ್ಸಿನ ಮಕ್ಕಳು ಒಂದು ಸೀಸನ್‌ನಲ್ಲಿ ಬೆಳೆದುಬಿಡುತ್ತಾರೆ, ಸಾಮಾನು ಸವೆಯುವುದೇ ಇಲ್ಲ. ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್‌ನಂಥ ಅಂಗಡಿಗಳಲ್ಲಿ ಹಳೆಯದು ಸಿಗುತ್ತದೆ, ಕ್ಲಬ್‌ಗಳಲ್ಲೂ ಅದಲುಬದಲು ನಡೆಯುತ್ತದೆ. ಹೆಲ್ಮೆಟ್, ಸ್ಕೇಟ್ ಬಿಟ್ಟು ನನಗೆ ಎಲ್ಲ ಸೇರಿ ನೂರೈವತ್ತು ಡಾಲರ್ ಆಗಿತ್ತು.

ಇದೆಲ್ಲ ತಲೆನೋವು ಬೇಡ ಅಂದರೆ ಫಸ್ಟ್ ಶಿಫ್ಟ್ ಅಂತ ಒಂದು ಕಾರ್ಯಕ್ರಮ ಇದೆ, ಹುಡುಕಿ. ಆರರಿಂದ ಹತ್ತು ವರ್ಷದ, ಹಿಂದೆ ಎಂದೂ ಹಾಕಿಗೆ ಸೇರದ ಮಕ್ಕಳಿಗೆ. ತಲೆಯಿಂದ ಕಾಲಿನವರೆಗೆ ಹೊಸ ಸಾಮಾನು, ಅಳತೆ ನೋಡಿಕೊಡುತ್ತಾರೆ, ಜೊತೆಗೆ ಆರು ಸಲ ಐಸ್ ಮೇಲೆ ಪಾಠ, ಸಾಮಾನು ನಿಮ್ಮದೇ ಆಗುತ್ತದೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕೆ ಹೋಲಿಸಿದರೆ ತುಂಬಾ ಅಗ್ಗ. ಜಾಗ ಬೇಗ ತುಂಬುತ್ತದೆ.

ಹಾಂ, ತೊಡಿಸುವ ಕ್ರಮ. ಮೊದಲ ದಿನ ನಾನು ಶೋಲ್ಡರ್ ಪ್ಯಾಡ್, ಜರ್ಸಿ ಎಲ್ಲ ಹಾಕಿ ಕೊನೆಗೆ ಸ್ಕೇಟ್ ಕಟ್ಟಲು ಹೋದೆ. ಮಗು ಬಗ್ಗಲೂ ಆಗದೆ ಕಡುಬಿನ ಹಾಗೆ ಕೂತಿತ್ತು. ಕೆಳಗಿನಿಂದ ಮೇಲೆ ಹೋಗಿ: ಶಿನ್ ಪ್ಯಾಡ್, ಸಾಕ್ಸ್, ಪ್ಯಾಂಟು, ಸ್ಕೇಟ್, ಆಮೇಲೆ ಮೈಗೆ, ಕೊನೆಗೆ ಹೆಲ್ಮೆಟ್. ಇಷ್ಟಕ್ಕೂ ಮುಂಚೆ ಬಾತ್‌ರೂಮಿಗೆ ಕಳಿಸಿ. ಇದನ್ನು ಮರೆತವರು ಎರಡನೇ ಸಲ ಮರೆಯುವುದಿಲ್ಲ.

ಬೇಸರ ಭಟ್ಟ:

ಎಲ್ಲ ಸರಿ ಸ್ವಾಮಿ, ಆದರೆ ಖರ್ಚಿನ ನಿಜ ಯಾರೂ ಹೇಳುತ್ತಿಲ್ಲ. ಇವತ್ತು ಕ್ಲಬ್ಬಿನೊಳಗೇ ಆಡುವ ಹೌಸ್ ಲೀಗ್, ನಾಳೆ ಮಗ ಚೆನ್ನಾಗಿ ಆಡುತ್ತಾನೆ ಅಂತ ಆಯ್ದವರ ರೆಪ್ ಟೀಮು, ಆಮೇಲೆ ಅದರಲ್ಲೂ ಮೇಲಿನ ಮಟ್ಟದ ಎಎ, ಎಎಎ, ಟೂರ್ನಮೆಂಟ್, ಹೋಟೆಲ್, ಪ್ರತಿ ವರ್ಷ ಸಾವಿರಗಟ್ಟಲೆ ಡಾಲರ್. ನನ್ನ ಪಕ್ಕದ ಮನೆಯವರು ಶನಿವಾರ ಭಾನುವಾರ ಮನೆಯಲ್ಲಿ ಇದ್ದದ್ದನ್ನೇ ನಾನು ಕಂಡಿಲ್ಲ. ಬ್ಯಾಡ್ಮಿಂಟನ್‌ಗೆ ಹಾಕಿ, ಒಂದು ರಾಕೆಟ್ ಸಾಕು.

ಐದು ಗಂಟೆ ಅಲಾರಂ:

ಭಟ್ರೇ, ರೆಪ್ ವಿಷಯದಲ್ಲಿ ನಿಮ್ಮ ಮಾತು ಸುಳ್ಳಲ್ಲ, ಅದಕ್ಕೇ ನಾವು ಹೌಸ್ ಲೀಗ್‌ನಲ್ಲೇ ಇದ್ದೇವೆ, ಮಕ್ಕಳು ಖುಷಿಯಾಗಿದ್ದಾರೆ. ಆರು ವರ್ಷದ ಮಗುವಿಗೆ ಎಎಎ ಚಿಂತೆ ಈಗಲೇ ಯಾಕೆ? ಕೈ ಬಿಗಿ ಇರುವವರಿಗೆ ಜಂಪ್‌ಸ್ಟಾರ್ಟ್, ಕಿಡ್‌ಸ್ಪೋರ್ಟ್ ಥರದ ಸಂಸ್ಥೆಗಳು ನೋಂದಣಿ ಹಣಕ್ಕೆ ನೆರವು ಕೊಡುತ್ತವೆ, ಕೇಳಲು ಸಂಕೋಚ ಬೇಡ.

ಸಿರಿಯಮ್ಮ:

ಹಾಸನದವರೇ, ನಿಮ್ಮ ಮನೆಯವರಿಗೆ ಇದನ್ನು ಓದಿಸಿ. ನನಗೂ ಅದೇ ಭಯ ಇತ್ತು. ಮಗಳು ಈಗ ಯು11, ಅಂದರೆ ಹನ್ನೊಂದರೊಳಗಿನವರ ಗುಂಪಿನಲ್ಲಿ ಆಡುತ್ತಿದ್ದಾಳೆ.

ಟೀವಿಯಲ್ಲಿ ಕಾಣುವ ಗುದ್ದಾಟಕ್ಕೆ ಬಾಡಿ ಚೆಕಿಂಗ್ ಅನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಇಲ್ಲವೇ ಇಲ್ಲ. ಮುಂಚೆ ಹನ್ನೊಂದು ಹನ್ನೆರಡರ ಮಕ್ಕಳಿಗೂ ಇತ್ತು, 2013ರಲ್ಲಿ ಹಾಕಿ ಕೆನಡಾ ಆ ವಯಸ್ಸಿನವರಿಗೆ ದೇಶಾದ್ಯಂತ ನಿಲ್ಲಿಸಿತು. ನಿಮ್ಮ ಮಗ ಇರುವುದು ಯು7ನಲ್ಲಿ, ಅಂದರೆ ಡಿಸೆಂಬರ್ 31ಕ್ಕೆ ಏಳು ತುಂಬಿರಬಾರದು. ಅಲ್ಲಿ ಪೂರ್ತಿ ಮೈದಾನವೂ ಇಲ್ಲ. ಐಸನ್ನು ಅಡ್ಡಡ್ಡ ಭಾಗ ಮಾಡಿ ಪುಟ್ಟ ಜಾಗದಲ್ಲಿ ಆಡಿಸುತ್ತಾರೆ, ಅಂಕಪಟ್ಟಿ ಇಲ್ಲ, ಎಷ್ಟೋ ಕಡೆ ಪಕ್ (ಚೆಂಡಿನ ಬದಲು ಹೊಡೆಯುವ ಬಿಲ್ಲೆ) ಕೂಡ ನೀಲಿ ಬಣ್ಣದ್ದು, ಸುಮಾರು 113 ಗ್ರಾಂ. ದೊಡ್ಡವರ ಕಪ್ಪು ಪಕ್ 170 ಗ್ರಾಂ. ಮೈ ತುಂಬ ಪ್ಯಾಡ್ ಇರುವುದರಿಂದ ಬಿದ್ದರೆ ದಿಂಬು ಬಿದ್ದ ಹಾಗೆ. ನಿಜ ಹೇಳಬೇಕೆಂದರೆ ಪಾರ್ಕಿಂಗ್ ಲಾಟಿನ ಮಂಜಿನಲ್ಲಿ ಜಾರಿ ನನ್ನ ಕೈಗೆ ಆದ ಪೆಟ್ಟು ಅವಳಿಗೆ ಇದುವರೆಗೆ ಆಗಿಲ್ಲ.

ತಲೆಯ ಪೆಟ್ಟನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಾರಿಯೊದಲ್ಲಿ ಅದಕ್ಕೇ ರೋವನ್ಸ್ ಲಾ ಎಂಬ ಕಾನೂನು ಇದೆ, 2018ರದ್ದು. ರೋವನ್ ಸ್ಟ್ರಿಂಗರ್ ಅನ್ನುವ ಹದಿನೇಳರ ಹುಡುಗಿ ರಗ್ಬಿ ಆಡುವಾಗ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ಮಾಡಿಕೊಂಡು 2013ರಲ್ಲಿ ತೀರಿಕೊಂಡಳು, ಅವಳ ಹೆಸರೇ ಕಾನೂನಿಗೆ. ನೋಂದಣಿ ಸಮಯದಲ್ಲಿ ಅದರ ಮಾಹಿತಿ ಓದಿದ್ದೇವೆ ಅಂತ ಒಪ್ಪಬೇಕು. ಎಲ್ಲರೂ ಓದದೆ ಒತ್ತುತ್ತಾರೆ, ನೀವು ದಯವಿಟ್ಟು ಓದಿ. ತಲೆಗೆ ಪೆಟ್ಟು ಅಂತ ಅನುಮಾನ ಬಂದರೂ ಸಾಕು, ಆ ದಿನ ಆಟ ಮುಗಿಯಿತು. ಡಾಕ್ಟರ್ ಅಥವಾ ನರ್ಸ್ ಪ್ರಾಕ್ಟಿಷನರ್ ನೋಡಿ ಒಪ್ಪದೆ ಪೂರ್ತಿ ಆಟಕ್ಕೆ ವಾಪಸ್ ಇಲ್ಲ. ಅದರ ಜೊತೆ ಅಪ್ಪ ಅಮ್ಮನಲ್ಲಿ ಒಬ್ಬರು ರೆಸ್ಪೆಕ್ಟ್ ಇನ್ ಸ್ಪೋರ್ಟ್ ಎಂಬ ಆನ್‌ಲೈನ್ ಕೋರ್ಸ್ ಮುಗಿಸಬೇಕು. ಗಾಜಿನ ಆಚೆ ನಿಂತು ಕೂಗಾಡುವ ಅಪ್ಪಂದಿರಿಗಾಗಿಯೇ ಅದು ಹುಟ್ಟಿದೆ ಅನಿಸುತ್ತದೆ.

ಇನ್ನೊಂದು, ಶುದ್ಧ ಸಸ್ಯಾಹಾರಿಗಳಾಗಿದ್ದರೆ ಅರೀನಾ ಕ್ಯಾಂಟೀನಿನ ಪೂಟೀನ್ ಬರೀ ಆಲೂ ಚೀಸ್ ಅಂತ ತಿನ್ನಬೇಡಿ, ಗ್ರೇವಿಗೆ ಮಾಂಸದ ಸಾರು ಹಾಕಿರುತ್ತಾರೆ. ನಾವು ಚಿತ್ರಾನ್ನದ ಡಬ್ಬಿ ಒಯ್ಯುತ್ತೇವೆ, ಈಗ ಅರ್ಧ ಟೀಮು ಅದನ್ನೇ ಕಾಯುತ್ತದೆ.

ಕೊಡಗು ಕ್ಯಾಲ್ಗರಿ:

ಕೋಚಿಂಗ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ನಾನೇ ಅದರಲ್ಲಿ ಸಿಕ್ಕಿಕೊಂಡವನು. ತಮಾಷೆ ಅಲ್ಲ ಅಣ್ಣ, ಇಲ್ಲಿ ಮಕ್ಕಳ ಹಾಕಿ ನಡೆಯುವುದೇ ಅಪ್ಪ ಅಮ್ಮಂದಿರ ಕೈಯಲ್ಲಿ.

ನಾನು ವಿರಾಜಪೇಟೆ ಕಡೆಯವನು, ಹಾಕಿ ಅಂದರೆ ನಮಗೆ ಹುಲ್ಲಿನ ಮೇಲಿನದು. ನಮ್ಮಲ್ಲಿ 1997ರಿಂದ ಕೊಡವ ಹಾಕಿ ಹಬ್ಬ ನಡೆಯುತ್ತಿದೆ, ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಂದು ಟೀಮು, ತಾತನೂ ಮೊಮ್ಮಗನೂ ಒಟ್ಟಿಗೆ ಇಳಿಯುತ್ತಾರೆ. ಅದೇ ಧೈರ್ಯದಲ್ಲಿ ಇಲ್ಲಿ ಕೈ ಎತ್ತಿದೆ. ನಮ್ಮ ಸ್ಟಿಕ್ಕಿನಲ್ಲಿ ಚಪ್ಪಟೆ ಇರುವ ಒಂದೇ ಬದಿಯಿಂದ ಆಡಬೇಕು, ಇಲ್ಲಿ ಎರಡೂ ಬದಿ. ಇಲ್ಲಿನ ನಿಯಮ ಎಲ್ಲ ಹೊಸದು, ನನಗೆ ಸ್ಕೇಟೂ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಆಯಿತು, ಯಾಕೆಂದರೆ ಕೆಲಸ ಹಲವು ಥರ ಇದೆ. ಐಸ್ ಮೇಲೆ ಇಳಿಯದವರು ಮ್ಯಾನೇಜರ್ ಆಗಬಹುದು, ಮೇಲ್ ಕಳಿಸುವುದು, ಪಟ್ಟಿ ಮಾಡುವುದು. ಒಂಟಾರಿಯೊದಲ್ಲಿ ಪ್ರತಿ ಟೀಮಿಗೂ ಟ್ರೇನರ್ ಬೇಕು, ಪ್ರಥಮ ಚಿಕಿತ್ಸೆ, ಪೆಟ್ಟು ನೋಡಿಕೊಳ್ಳುವವರು, ಅದಕ್ಕೆ ಬೇರೆ ಕೋರ್ಸ್ ಇದೆ, ಸ್ಕೇಟಿಂಗ್ ಬೇಕಿಲ್ಲ. ಆಟಗಾರರ ಬೆಂಚಿನ ಬಾಗಿಲು ತೆರೆದು ಮುಚ್ಚಲೂ ಒಬ್ಬರು ಬೇಕು. ನಗಬೇಡಿ, ಐದಾರು ವರ್ಷದವರು ಬೆರಳು ಇಟ್ಟುಬಿಡುತ್ತಾರೆ.

ಕೋಚ್ ಆಗಬೇಕಾದರೆ ಪೊಲೀಸ್ ತಪಾಸಣೆ, ರೆಸ್ಪೆಕ್ಟ್ ಇನ್ ಸ್ಪೋರ್ಟ್‌ನಲ್ಲೇ ಕೋಚುಗಳಿಗೆ ಇರುವ ಇನ್ನೊಂದು ಭಾಗ, ಮತ್ತೆ ಹಾಕಿ ಕೆನಡಾದ ‘ಕೋಚ್ 1’ ಕೋರ್ಸ್, ಅದರ ಒಂದು ಪಾಲು ಆನ್‌ಲೈನ್. ಸಾಮಾನ್ಯವಾಗಿ ಫೀಸನ್ನು ಕ್ಲಬ್ ವಾಪಸ್ ಕೊಡುತ್ತದೆ, ಕೇಳಿ ನೋಡಿ. ಡ್ರೆಸ್ಸಿಂಗ್ ರೂಮಿನಲ್ಲಿ ಮಕ್ಕಳ ಜೊತೆ ಯಾವಾಗಲೂ ಇಬ್ಬರು ತಪಾಸಣೆ ಆದವರು ಇರಬೇಕು, ಒಬ್ಬರೇ ಇರಬಾರದು, ಫೋನ್ ಕ್ಯಾಮೆರಾ ತೆಗೆಯಲೇಬಾರದು. ಈ ಎರಡು ವಿಷಯದಲ್ಲಿ ಪರಿಚಯ, ಸ್ನೇಹ ಏನೂ ನಡೆಯುವುದಿಲ್ಲ.

ಪ್ರಾಕ್ಟೀಸ್ ಮಾಡಿಸುವಾಗ ನಾನು ಕಲಿತದ್ದು ಒಂದೇ, ಸಾಲು ನಿಲ್ಲಿಸಬಾರದು. ಮೊದಲ ವಾರ ಹದಿನೈದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಕಲಿಸಲು ಹೋದೆ. ಎರಡು ನಿಮಿಷಕ್ಕೆ ಒಬ್ಬ ಮಲಗಿಕೊಂಡು ಐಸ್ ನೆಕ್ಕುತ್ತಿದ್ದ, ಇಬ್ಬರು ಕತ್ತಿವರಸೆ ಮಾಡುತ್ತಿದ್ದರು, ಒಬ್ಬಳಿಗೆ ಅಮ್ಮ ಬೇಕಿತ್ತು. ಈಗ ನಾಲ್ಕು ಮೂಲೆಗೆ ನಾಲ್ಕು ಆಟ, ಒಂದೊಂದರಲ್ಲಿ ಮೂರು ನಾಲ್ಕು ಮಕ್ಕಳು, ಎಂಟು ನಿಮಿಷಕ್ಕೊಮ್ಮೆ ಸೀಟಿ ಊದಿ ಬದಲಾವಣೆ. ಒಂದು ಮೂಲೆಯಲ್ಲಿ ಮುಟ್ಟಾಟ, ಸ್ಟಿಕ್ಕೇ ಇಲ್ಲ. ಮಾತು ಕಮ್ಮಿ, ಅರ್ಧ ನಿಮಿಷಕ್ಕಿಂತ ಜಾಸ್ತಿ ವಿವರಿಸಿದರೆ ಯಾರೂ ಕೇಳುತ್ತಿರುವುದಿಲ್ಲ. ಐಸ್ ಬಾಡಿಗೆ ಗಂಟೆಗೆ ನೂರಾರು ಡಾಲರ್, ಅದರಲ್ಲಿ ನಿಮ್ಮ ಭಾಷಣಕ್ಕೆ ಎಷ್ಟು ಹೋಯಿತು ಅಂತ ಮನೆಗೆ ಬರುವಾಗ ಕಾರಿನಲ್ಲಿ ಲೆಕ್ಕ ಹಾಕಿ.

ಮತ್ತೆ ವಾಪಸ್ ಬರುವಾಗ ಕಾರಿನಲ್ಲಿ ಮಗನಿಗೆ ಆಟದ ಪಾಠ ಬೇಡ. ನಾನು ಎರಡು ತಿಂಗಳು ಮಾಡಿದೆ. ಒಂದು ದಿನ ಅವನು ‘ಅಪ್ಪ, ನೀನು ಮನೆಗೆ ಹೋಗುವಾಗಲೂ ಕೋಚಾ?’ ಅಂದ. ಈಗ ಹಾಡು ಹಾಕಿಕೊಂಡು ಬರುತ್ತೇವೆ.

ಮಿನೆಸೋಟ ಮಂಜು:

ಗಡಿಯ ಈ ಕಡೆ ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಎರಡು ಮಾತು. ಇಲ್ಲಿ ವಯಸ್ಸಿನ ಗುಂಪುಗಳು 8ಯು, 10ಯು ಅಂತ ಸಮ ಸಂಖ್ಯೆಯಲ್ಲಿ. ಯುಎಸ್‌ಎ ಹಾಕಿ ನಡೆಸುವ ‘ಟ್ರೈ ಹಾಕಿ ಫಾರ್ ಫ್ರೀ’ ದಿನಗಳು ಬರುತ್ತವೆ, ಅನೇಕ ಕಡೆ ಸಾಮಾನನ್ನೂ ಅವರೇ ಕೊಟ್ಟು ಐಸ್ ಮೇಲೆ ಬಿಡುತ್ತಾರೆ, ಇಷ್ಟವಾಗದಿದ್ದರೆ ಕೈ ತೊಳೆದುಕೊಂಡು ಬರಬಹುದು. ದೊಡ್ಡವರ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ತಂಡಗಳ ‘ಲರ್ನ್ ಟು ಪ್ಲೇ’ ಕೂಡ ಇದೆ. ಮಗ ಗೋಲ್‌ಕೀಪರ್ ಆಗುತ್ತೇನೆ ಅಂದರೆ ಗಾಬರಿ ಬೇಡ, ಚಿಕ್ಕವರಿಗೆ ಆ ಪ್ಯಾಡುಗಳನ್ನು ಎಷ್ಟೋ ಕ್ಲಬ್‌ಗಳು ಎರವಲು ಕೊಡುತ್ತವೆ. ನಾವು ಗೊತ್ತಿಲ್ಲದೆ ಕೊಂಡೆವು, ಗ್ಯಾರೇಜಿನಲ್ಲಿ ಬಿದ್ದಿವೆ. ಯಾರಿಗಾದರೂ ಬೇಕಾ?

ಆಟ ಮುಗಿದ ಮೇಲೆ ಬ್ಯಾಗ್ ಬಿಚ್ಚಿ ಎಲ್ಲವನ್ನೂ ಹರವಿ ಒಣಗಿಸಿ. ಒಂದು ವಾರ ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ. ಒಣಮೀನಿನ ಸಂತೆ.

ಹಾಸನದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಭಟ್ರೇ, ಬ್ಯಾಡ್ಮಿಂಟನ್ ರಾಕೆಟ್ ಮನೆಯಲ್ಲಿದೆ, ಅದರಲ್ಲೂ ಆಲೂಗಡ್ಡೆಯನ್ನೇ ಹೊಡೆಯುತ್ತಿದ್ದಾನೆ.

ಸಿಟಿ ಅರೀನಾದಲ್ಲಿ ಶನಿವಾರದ ಸ್ಕೇಟಿಂಗ್ ಕ್ಲಾಸಿಗೆ ಇಬ್ಬರ ಹೆಸರೂ ಬರೆಸಿದೆ, ಅವನದು ಮಕ್ಕಳ ಗುಂಪು, ನನ್ನದು ದೊಡ್ಡವರದ್ದು. ಫಸ್ಟ್ ಶಿಫ್ಟ್ ಹತ್ತಿರದಲ್ಲಿ ಎಲ್ಲಿ, ಯಾವಾಗ ಅಂತ ನೋಡುತ್ತಿದ್ದೇನೆ. ಕ್ಲಬ್‌ನವರಿಗೆ ಈ ವರ್ಷ ಟ್ರೇನರ್ ಕೋರ್ಸ್ ಮಾಡುತ್ತೇನೆ, ಐಸ್ ಮೇಲೆ ಇಳಿಯುವುದು ಮುಂದಿನ ವರ್ಷ ನೋಡೋಣ ಅಂತ ಬರೆದೆ, ಹತ್ತು ನಿಮಿಷಕ್ಕೆ ಉತ್ತರ ಬಂತು. ಸಿರಿಯಮ್ಮನವರ ಮಾತು ಓದಿ ನನ್ನ ಹೆಂಡತಿ ಅರ್ಧ ಒಪ್ಪಿದ್ದಾಳೆ. ಉಳಿದರ್ಧ ಕತ್ತಿನ ಗಾರ್ಡ್ ಕೈಯಲ್ಲಿ ಹಿಡಿದು ನೋಡಿದ ಮೇಲಂತೆ.

ಪೊರಕೆ ಪರೀಕ್ಷೆ ನಿನ್ನೆ ಮಾಡಿದೆವು. ಮೂರು ಸಲ ಕೊಟ್ಟೆ, ಮೂರು ಸಲವೂ ಬಲಗೈ ಮೇಲೆ, ಅಂದರೆ ಲೆಫ್ಟ್ ಸ್ಟಿಕ್. ನಾನಾಗಿದ್ದರೆ ಖಂಡಿತ ರೈಟ್ ತಂದುಬಿಡುತ್ತಿದ್ದೆ. ಫ್ರಿಜ್ ಕೆಳಗಿನ ಆಲೂಗಡ್ಡೆಯೂ ಆ ಪೊರಕೆಯಲ್ಲೇ ಆಚೆ ಬಂತು.